ಅಳುವ ಫೋಟೊ ಕೊಡಲೋ, ನಗುವ ಫೋಟೊ ಕೊಡಲೋ?

ಅರೆಬೆಳಕು ಕೇಳಿದ್ದು:

ನಮಸ್ಕಾರ. ನಮ್ಮ ಈ ಫೋಟೊ ಬಳಗದಲ್ಲಿ ಮಾಮೂಲಾಗಿ ಬರುವ ಲೆನ್ಸು, ಐಎಸ್‌ಒ ವಿಷಯ ಅಲ್ಲ ಇದು. ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ.

ವಾಸಿಯಾಗುವ ಹಂತ ದಾಟಿದ ಕ್ಯಾನ್ಸರ್ ರೋಗಿಗಳನ್ನು ನೋಡಿಕೊಳ್ಳುವ ಒಂದು ಆರೈಕೆ ಕೇಂದ್ರದವರು ತಮ್ಮ ವಾರ್ಷಿಕ ವರದಿಗೆ ಫೋಟೊ ತೆಗೆದುಕೊಡಿ ಎಂದು ಕೇಳಿದ್ದರು. ದುಡ್ಡಿನ ಮಾತಿಲ್ಲ, ಖುಷಿಯಿಂದಲೇ ಒಪ್ಪಿಕೊಂಡೆ. 35 ಎಂಎಂ ಲೆನ್ಸ್ ಒಂದೇ, ಫ್ಲ್ಯಾಶ್ ಹಾಕಲಿಲ್ಲ.

ಅಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಬಾಯಿಯ ಕ್ಯಾನ್ಸರ್, ಎಡಗೆನ್ನೆಗೆ ಬ್ಯಾಂಡೇಜು, ಆಡಿದ ಮಾತು ಅರ್ಧ ಮಾತ್ರ ತಿಳಿಯುತ್ತದೆ. ಡ್ರೆಸ್ಸಿಂಗ್ ಬದಲಿಸುವಾಗ ಕಣ್ಣು ಬಿಗಿಯಾಗಿ ಮುಚ್ಚಿ ಮಂಚದ ಕಬ್ಬಿಣದ ಸರಳು ಹಿಡಿದುಕೊಂಡಿದ್ದರು. ಬೆರಳ ಗೆಣ್ಣುಗಳೆಲ್ಲ ಬೆಳ್ಳಗಾಗಿದ್ದವು. ಕಿಟಕಿಯ ಬೆಳಕು ಪಕ್ಕದಿಂದ ಕೈ ಮೇಲೇ ಬಿದ್ದಿತ್ತು. ನಿಜ ಹೇಳಬೇಕೆಂದರೆ ನಾನು ಇಲ್ಲಿಯವರೆಗೆ ತೆಗೆದದ್ದರಲ್ಲೇ ಚೆನ್ನಾಗಿ ಬಂದ ಫೋಟೊ ಅದು. 'ಚೆನ್ನಾಗಿ ಬಂದಿದೆ' ಅಂತ ಅನ್ನಿಸಿತಲ್ಲ, ಅದೇ ಕಸಿವಿಸಿ.

ಡ್ರೆಸ್ಸಿಂಗ್ ಮುಗಿದು ಸ್ವಲ್ಪ ಹೊತ್ತಾದ ಮೇಲೆ ಅದೇ ಅಜ್ಜಿ ಸನ್ನೆ ಮಾಡಿ ಕರೆದರು. ತಲೆ ಬಾಚಿಸಿಕೊಂಡು, ಸೆರಗು ಸರಿ ಮಾಡಿಕೊಂಡು, ಬ್ಯಾಂಡೇಜ್ ಇಲ್ಲದ ಕೆನ್ನೆ ಈ ಕಡೆ ತಿರುಗಿಸಿ 'ಈಗ ತೆಗಿ' ಅಂದರು. ಪಕ್ಕದ ಮಂಚದವರು ಏನೋ ಕೀಟಲೆ ಮಾಡಿದರು, ಅಜ್ಜಿ ನಕ್ಕುಬಿಟ್ಟರು. ಆ ಫೋಟೊ ಸ್ವಲ್ಪ ಅಲುಗಾಡಿದೆ. ಹಿಂದೆ ಗ್ಲೂಕೋಸ್ ಸ್ಟ್ಯಾಂಡ್ ಬೇರೆ ಬಂದಿದೆ.

ಕಚೇರಿಯವರಿಗೆ ಮುಖಪುಟಕ್ಕೆ ಮೊದಲನೆಯದೇ ಬೇಕು. 'ನಗುವ ಫೋಟೊ ನೋಡಿ ಯಾರು ಸರ್ ದುಡ್ಡು ಕೊಡ್ತಾರೆ? ಔಷಧಿ, ನರ್ಸ್ ಸಂಬಳ ಎಲ್ಲಾ ದೇಣಿಗೆಯಲ್ಲೇ ನಡೀಬೇಕು' ಅನ್ನುತ್ತಾರೆ. ಸುಳ್ಳು ಹೇಳುತ್ತಿಲ್ಲ ಅವರು. ಕಾನೂನಿನ ತೊಡಕೂ ಇಲ್ಲವಂತೆ, ದಾಖಲಾಗುವಾಗಲೇ ಎಲ್ಲರಿಂದಲೂ ಒಪ್ಪಿಗೆ ಪತ್ರ ಬರೆಸಿಕೊಂಡಿರುತ್ತಾರೆ. ಅಜ್ಜಿ ಹೆಬ್ಬೆಟ್ಟು ಒತ್ತಿದ್ದಾರೆ.

ಯಾವುದನ್ನು ಕೊಡಲಿ? ಇಂಥ ಕಡೆ ಕೆಲಸ ಮಾಡಿದವರು ದಯವಿಟ್ಟು ಹೇಳಿ.


ಹಳೇರೋಲು:

ಪತ್ರಿಕೆಯಲ್ಲಿ ಫೋಟೊ ತೆಗೆದೇ ನಿವೃತ್ತನಾದವನು ನಾನು. ಪ್ರವಾಹ, ಅಪಘಾತ, ಗೋಲಿಬಾರು ಎಲ್ಲಾ ಆಗಿದೆ.

ಮೊದಲು ಆ ಒಪ್ಪಿಗೆ ಪತ್ರ. ದಾಖಲಾಗುವ ದಿನ ಹೆಬ್ಬೆಟ್ಟು ಒತ್ತಿದವರು ಒಪ್ಪಿದ್ದು ಹಾಸಿಗೆಗೆ, ಔಷಧಿಗೆ. ಆ ಹೊತ್ತಿನಲ್ಲಿ ಯಾವ ಕಾಗದ ಮುಂದಿಟ್ಟಿದ್ದರೂ ಒತ್ತುತ್ತಿದ್ದರು. ಒಪ್ಪಿಗೆ ಕೇಳುವುದು ಫೋಟೊ ಆದ ಮೇಲೆ. ಅದನ್ನೇ ಅವರ ಕೈಗೆ ಕೊಟ್ಟು, 'ಇದು ಪುಸ್ತಕದ ಮುಖಪುಟಕ್ಕೆ ಬರುತ್ತೆ, ಗುರುತಿಲ್ಲದವರು ನೋಡ್ತಾರೆ, ನಿಮ್ಮ ನೆಂಟರ ಕಣ್ಣಿಗೂ ಬೀಳಬಹುದು, ಹಾಕಬಹುದಾ' ಅಂತ ಕೇಳಿ. ಕ್ಯಾಮೆರಾ ಹಿಂದಿನ ಪರದೆಯಲ್ಲಿ ತೋರಿಸಿದರೆ ಆ ವಯಸ್ಸಿನವರಿಗೆ ಏನೂ ಕಾಣಲ್ಲ, ಪ್ರಿಂಟ್ ಹಾಕಿಸಿಕೊಂಡು ಹೋಗಿ. ಕೇಂದ್ರದವರು ಪಕ್ಕದಲ್ಲಿ ನಿಂತಿರುವಾಗ ಕೇಳಬೇಡಿ. ಬೇಡ ಅಂದರೆ ಔಷಧಿ ನಿಂತುಹೋದೀತು ಅನ್ನೋ ಭಯ ಇರುತ್ತೆ, ಬಾಯಿಬಿಟ್ಟು ಹೇಳಲ್ಲ.

ಇನ್ನು ನೀವು ಕೇಳದೇ ಇರುವ ವಿಷಯ, ಅಡಿಬರಹ. ನನ್ನ ಲೆಕ್ಕದಲ್ಲಿ ಮುಖ್ಯವಾದದ್ದು ಇದೇ. ಲೂಯಿಸ್ ಹೈನ್ ಅಂತ ಒಬ್ಬ ಅಮೆರಿಕನ್ ಮೇಷ್ಟ್ರು, 1908ರಿಂದ ಗಿರಣಿ, ಗಣಿಗಳಲ್ಲಿ ದುಡಿಯುವ ಮಕ್ಕಳ ಫೋಟೊ ತೆಗೆಯುತ್ತಾ ಹೋದ. ಒಳಗೆ ಬಿಡುತ್ತಿರಲಿಲ್ಲ, ಏನೇನೋ ವೇಷ ಹಾಕಿ ನುಗ್ಗುತ್ತಿದ್ದ. ತನ್ನ ಕೋಟಿನ ಗುಂಡಿಗಳು ನೆಲದಿಂದ ಎಷ್ಟೆಷ್ಟು ಎತ್ತರ ಅಂತ ಮೊದಲೇ ಅಳೆದಿಟ್ಟುಕೊಂಡಿದ್ದ. ಮಗು ಪಕ್ಕಕ್ಕೆ ಬಂದು ನಿಂತರೆ ತಲೆ ಯಾವ ಗುಂಡಿಗೆ ಬರುತ್ತದೆ ಅಂತ ನೋಡಿ, ಜೇಬಿನೊಳಗೇ ಕೈಯಿಟ್ಟು ಬರೆದುಕೊಳ್ಳುತ್ತಿದ್ದ. ನೂಲಿನ ಯಂತ್ರದ ಪಕ್ಕ ನಿಂತ ಒಬ್ಬ ಹುಡುಗಿಯ ಚಿತ್ರಕ್ಕೆ ಅವನ ಟಿಪ್ಪಣಿ ನೋಡಿ: ಹೆಸರು ಸೇಡಿ ಫೈಫರ್, ಎತ್ತರ 48 ಇಂಚು, ಕೆಲಸಕ್ಕೆ ಸೇರಿ ಅರ್ಧ ವರ್ಷ. 'ಅಯ್ಯೋ ಪಾಪ' ಅಂತ ಒಂದಕ್ಷರ ಇಲ್ಲ. ಆ 48 ಇಂಚಿಗೆ ಗಿರಣಿ ಮಾಲೀಕ ಏನು ಉತ್ತರ ಕೊಡಬೇಕು? ಮಕ್ಕಳ ದುಡಿಮೆಗೆ ಅಮೆರಿಕದಲ್ಲಿ ಗಟ್ಟಿಯಾದ ಕಾನೂನು ಬರುವಷ್ಟರಲ್ಲಿ 1938 ಆಯಿತು, ಅದು ಬೇರೆ ಮಾತು.

ಇದಕ್ಕೆ ಉಲ್ಟಾ ಆದದ್ದೂ ಇದೆ. 1936ರಲ್ಲಿ ಡೊರೊಥಿಯಾ ಲ್ಯಾಂಗ್ ಕ್ಯಾಲಿಫೋರ್ನಿಯಾದ ನಿಪೋಮೊದಲ್ಲಿ, ಬಟಾಣಿ ಬಿಡಿಸುವ ಕೂಲಿಕಾರರ ಬಿಡಾರದಲ್ಲಿ, ಗಲ್ಲಕ್ಕೆ ಕೈ ತಾಗಿಸಿ ಕೂತ ಒಬ್ಬ ತಾಯಿಯ ಚಿತ್ರ ತೆಗೆದರು. ನೀವೆಲ್ಲ ನೋಡಿರುತ್ತೀರಿ. ಚಿತ್ರ ಪತ್ರಿಕೆಗೆ ಹೋಯಿತು, ಸರ್ಕಾರ ಆ ಬಿಡಾರಕ್ಕೆ ಸುಮಾರು 9 ಟನ್ ಆಹಾರ ಕಳಿಸಿತು. ಅಷ್ಟರಲ್ಲಿ ಆ ತಾಯಿ ಮಕ್ಕಳನ್ನು ಕಟ್ಟಿಕೊಂಡು ಮುಂದಿನ ಕೂಲಿ ಹುಡುಕಿ ಹೊರಟುಹೋಗಿದ್ದಳು. ಲ್ಯಾಂಗ್ ಹೆಸರು ಕೇಳಿರಲೇ ಇಲ್ಲ. ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಅನ್ನೋ ಹೆಸರು ಜಗತ್ತಿಗೆ ಗೊತ್ತಾಗಿದ್ದು 1978ರಲ್ಲಿ, ಅದೂ ಆಕೆಯೇ ಮುಂದೆ ಬಂದು ಹೇಳಿಕೊಂಡ ಮೇಲೆ. ಆ ಚಿತ್ರದಿಂದ ತನಗೆ ಮೂರು ಕಾಸು ಸಿಕ್ಕಿಲ್ಲ ಅಂತ ಸಿಟ್ಟಿತ್ತು ಆಕೆಗೆ. ಕೊನೆಗಾಲದಲ್ಲಿ, 1983ರಲ್ಲಿ, ಆಸ್ಪತ್ರೆ ಖರ್ಚಿಗೆ ಮಕ್ಕಳು ಕೈಚಾಚಿದಾಗ ಜನ ದುಡ್ಡು ಕಳಿಸಿದರು. ಹಾಗೆ ಕಳಿಸಿದ್ದು ಅದೇ ಚಿತ್ರದ ನೆನಪಿಗೆ ಅನ್ನೋದನ್ನೂ ಮರೆಯಬಾರದು.

ನೋವಿನ ಫೋಟೊ ಹಾಕಲೇಬಾರದು ಅನ್ನೋನಲ್ಲ ನಾನು. ಯಾರು, ಯಾವ ನೋವು, ಯಾಕೆ ಇನ್ನೂ ಇದೆ, ಇಷ್ಟು ಕೆಳಗೆ ಬರೆಯಲು ಆಗದಿದ್ದರೆ ಹಾಕಬೇಡಿ. ಹೆಸರು ಬೇಡ ಅಂತ ಅಜ್ಜಿ ಅಂದರೆ ಹೆಸರು ಬಿಟ್ಟು ಉಳಿದದ್ದು ಬರೆಯಿರಿ.


ಗಿರಕಿ:

ಎಲ್ಲಾ ಸರಿ ಹಿರಿಯರೇ, ತಿಂಗಳ ಕೊನೆಗೆ ಬಿಲ್ ಕಟ್ಟೋರು ಯಾರು? ನಾನಾಗಿದ್ದರೆ ಮೊದಲನೇ ಫೋಟೊ ಕೊಡುತ್ತಿದ್ದೆ, ರಾತ್ರಿ ನಿದ್ದೆಯೂ ಬರುತ್ತಿತ್ತು.

1961ರಲ್ಲಿ ಗಾರ್ಡನ್ ಪಾರ್ಕ್ಸ್ ರಿಯೊ ಡಿ ಜನೈರೊ ಕೊಳೆಗೇರಿಯ ಫ್ಲಾವಿಯೊ ಅನ್ನೋ ಹುಡುಗನ ಚಿತ್ರ ಲೈಫ್ ಪತ್ರಿಕೆಗೆ ತೆಗೆದರು. ಹನ್ನೆರಡು ವರ್ಷ, ಉಬ್ಬಸ, ಮೈಯಲ್ಲಿ ಮಾಂಸವೇ ಇಲ್ಲ. ಯಾರೂ ಕೇಳದೆಯೇ ಓದುಗರು ಸಾವಿರಾರು ಡಾಲರ್ ಕಳಿಸಿದರು. ಹುಡುಗನನ್ನು ಅಮೆರಿಕದ ಡೆನ್ವರ್‌ಗೆ ಕರೆದುಕೊಂಡು ಹೋಗಿ ಚಿಕಿತ್ಸೆ ಕೊಡಿಸಿದರು, ಬದುಕಿದ. ನಗುವ ಫೋಟೊ ಹಾಕಿದ್ದರೆ ಇದು ಆಗುತ್ತಿತ್ತಾ? (ಬ್ರೆಜಿಲ್‌ನ ಒಂದು ಪತ್ರಿಕೆಗೆ ಎಷ್ಟು ಉರಿಯಿತು ಅಂದರೆ, ತನ್ನ ಫೋಟೊಗ್ರಾಫರನನ್ನು ನ್ಯೂಯಾರ್ಕಿಗೆ ಕಳಿಸಿ ಅಲ್ಲಿನ ಬಡತನದ ಫೋಟೊ ತೆಗೆಸಿ ಹಾಕಿತು. ನನಗೆ ಬಲು ಇಷ್ಟವಾದ ಜಗಳ ಇದು.)

2015ರ ಸೆಪ್ಟೆಂಬರ್‌ನಲ್ಲಿ ಟರ್ಕಿಯ ಕಡಲ ದಂಡೆಯಲ್ಲಿ ಮಕಾಡೆ ಮಲಗಿದ್ದ ಆ ಪುಟ್ಟ ಸಿರಿಯನ್ ಹುಡುಗನ ಚಿತ್ರ ಬಂದಾಗಲೂ ನಿರಾಶ್ರಿತರ ನಿಧಿಗೆ ದುಡ್ಡು ಹರಿದು ಬಂತು. ಕೆಲವೇ ವಾರಕ್ಕೆ ಇಳಿದೂ ಹೋಯಿತು, ಗೊತ್ತು. ಜನರ ಕರುಣೆ ಒಂದು ತಿಂಗಳದ್ದು ಅನ್ನಿ. ಬಿಲ್ಲೂ ತಿಂಗಳಿನದೇ ಅಲ್ಲವೇ?


ರಾತ್ರಿಪಾಳಿ:

ನಾನು ನರ್ಸ್. ಇಂಥದೇ ವಾರ್ಡಿನಲ್ಲಿ ಕೆಲಸ. ಇಬ್ಬರೂ ಸರ್‌ಗಳ ಮಾತು ಓದಿದೆ, ಒಂದು ವಿಷಯ ಯಾರಿಗೂ ಹೊಳೆದಿಲ್ಲ.

ಅರೆಬೆಳಕು ಸರ್, ಡ್ರೆಸ್ಸಿಂಗ್ ಮಾಡುವಾಗ ಗೆಣ್ಣು ಬೆಳ್ಳಗಾಗುವಷ್ಟು ಸರಳು ಹಿಡಿದುಕೊಳ್ಳುತ್ತಾರೆ ಅಂದರೆ ಅವರಿಗೆ ನೋವಿನ ಔಷಧಿ ಹೊತ್ತಿಗೆ ಸರಿಯಾಗಿ ಸಿಕ್ಕಿಲ್ಲ, ಇಲ್ಲವೇ ಸಾಲುತ್ತಿಲ್ಲ. ಬಾಯಿಂದ ಕೊಡುವ ಮಾಮೂಲಿ ಮಾರ್ಫಿನ್ ಕೆಲಸ ಶುರು ಮಾಡುವುದಕ್ಕೆ ಅರ್ಧ ಗಂಟೆ ಹಿಡಿಯುತ್ತದೆ, ಸುಮಾರು ನಾಲ್ಕು ಗಂಟೆ ಇರುತ್ತದೆ. ಅದಕ್ಕೇ ಡ್ರೆಸ್ಸಿಂಗ್‌ಗೆ ಅರ್ಧ ಮುಕ್ಕಾಲು ಗಂಟೆ ಮೊದಲೇ ಒಂದು ಡೋಸ್ ಕೊಡಬೇಕು. ಗಾಯಕ್ಕೆ ಅಂಟಿದ ಬಟ್ಟೆಯನ್ನು ಸಲೈನ್‌ನಲ್ಲಿ ನೆನೆಸಿ ಬಿಡಿಸಬೇಕು, ಒಣಗಿದ್ದನ್ನು ಕೀಳಬಾರದು. ಕೆಲಸದ ಒತ್ತಡದಲ್ಲಿ ಇದು ತಪ್ಪಿಹೋಗುತ್ತದೆ, ದೂರುತ್ತಿಲ್ಲ ನಾನು. ಆದರೆ ಮಾತು ಬಾರದವರು ನೋವು ಎಷ್ಟಿದೆ ಅಂತ ಹೇಗೆ ಹೇಳಬೇಕು? ಹಾಗಿದ್ದಾಗ ನಾವು ಮುಖ, ಕೈ ನೋಡಿಯೇ ಅಂದಾಜು ಮಾಡುವುದು. ನಿಮ್ಮ ಫೋಟೊದಲ್ಲಿ ಅದು ಕಣ್ಣಿಗೆ ಹೊಡೆಯುವ ಹಾಗೆ ಇದೆ. ಮುಖಪುಟದ ವಿಷಯ ಆಮೇಲೆ. ಮೊದಲು ಅದನ್ನು ಅಲ್ಲಿನ ಡಾಕ್ಟರಿಗೆ ತೋರಿಸಿ. ನಾಳೆಯೇ.

ಇನ್ನೊಂದು. ಇಂಥ ಗಾಯಕ್ಕೆ ವಾಸನೆ ಇರುತ್ತದೆ. ಮೆಟ್ರೊನಿಡಜೋಲ್ ಅನ್ನೋ ಔಷಧಿಯ ಪುಡಿ ಹಾಕಿದರೆ ಕಡಿಮೆಯಾಗುತ್ತದೆ, ಪೂರ್ತಿ ಹೋಗಲ್ಲ. ಹತ್ತಿರ ಬಂದವರು ಮೂಗು ಮುಚ್ಚಿಕೊಂಡಾರು ಅಂತ ಈ ರೋಗಿಗಳು ಗೋಡೆ ಕಡೆ ತಿರುಗಿ ಮಲಗುವುದೇ ಜಾಸ್ತಿ. ನಿಮ್ಮ ಅಜ್ಜಿ ತಾವಾಗಿ ಕರೆದು, ಹತ್ತಿರ ನಿಲ್ಲಿಸಿಕೊಂಡು ಫೋಟೊ ತೆಗೆಸಿಕೊಂಡಿದ್ದಾರೆ. ಎರಡನೇ ಫೋಟೊ ಅಲುಗಾಡಿದೆ ಅಂತ ಪಕ್ಕಕ್ಕಿಡಬೇಡಿ.


ಕಪ್ಪುಬಿಳುಪು:

ನೋವು ಚೆಂದ ಕಾಣಬಾರದು ಅನ್ನುವ ಕಸಿವಿಸಿಗೆ ಒಂದು ಮಾತು. ಬ್ರೆಜಿಲ್‌ನ ಫೋಟೊಗ್ರಾಫರ್ ಸೆಬಾಸ್ಟಿಯಾವೊ ಸಲ್ಗಾಡೊ ಮೇಲೆ ಜೀವಮಾನವಿಡೀ ಇದೇ ಆರೋಪ ಇತ್ತು, ಕ್ಷಾಮವನ್ನೂ ಚೆಂದ ಮಾಡಿ ತೋರಿಸುತ್ತಾರೆ ಅಂತ. ರುವಾಂಡದ 1994ರ ಹತ್ಯಾಕಾಂಡ ನೋಡಿ ಬಂದ ಮೇಲೆ ಆ ಮನುಷ್ಯನ ಆರೋಗ್ಯವೇ ಕುಸಿಯಿತು. ಬರಡಾಗಿದ್ದ ಅಪ್ಪನ ಜಮೀನಿಗೆ ಹಿಂತಿರುಗಿ ಹೆಂಡತಿ ಲೇಲಿಯಾ ಜೊತೆ ಕಾಡು ಬೆಳೆಸಲು ನಿಂತರು. ಚೆಂದಕ್ಕೆ ತೆಗೆಯುವವರಿಗೆ ಹಾಗಾಗುವುದಿಲ್ಲ ಅಂತ ನನ್ನ ಅನಿಸಿಕೆ. ಬೆಳಕು ಚೆನ್ನಾಗಿ ಬಿದ್ದದ್ದು ನಿಮ್ಮ ಪಾಪ ಅಲ್ಲ ಬಿಡಿ.

ಆದರೆ ಗಿರಕಿಯವರು ಒಂದು ಚಿತ್ರ ಬಿಟ್ಟರು. ಜಪಾನಿನ ಮಿನಾಮಾಟಾದಲ್ಲಿ ಕಾರ್ಖಾನೆ ಸಮುದ್ರಕ್ಕೆ ಬಿಟ್ಟ ಪಾದರಸ ಮೀನಿನ ಮೂಲಕ ಜನರ ಮೈ ಸೇರಿತ್ತು. 1971ರ ಕೊನೆಯಲ್ಲಿ ಅಮೆರಿಕದ ಫೋಟೊಗ್ರಾಫರ್ ಯೂಜೀನ್ ಸ್ಮಿತ್ ಅಲ್ಲಿ ಒಬ್ಬ ತಾಯಿ, ಹುಟ್ಟಿನಿಂದಲೇ ಆ ವಿಷಕ್ಕೆ ತುತ್ತಾದ ಮಗಳು ಟೊಮೊಕೊಗೆ ಸ್ನಾನ ಮಾಡಿಸುವ ಚಿತ್ರ ತೆಗೆದರು. ಮನೆಯವರ ಒಪ್ಪಿಗೆ ಪೂರ್ತಿ ಇತ್ತು. ಆ ಚಿತ್ರ ಲೋಕವನ್ನೇ ಅಲ್ಲಾಡಿಸಿತು. ಟೊಮೊಕೊ 1977ರಲ್ಲಿ ತೀರಿಕೊಂಡರು, ಚಿತ್ರ ಮಾತ್ರ ಪೋಸ್ಟರು, ಪುಸ್ತಕ ಅಂತ ಸುತ್ತುತ್ತಲೇ ಇತ್ತು. ಮಗಳಿಗೆ ಇನ್ನಾದರೂ ವಿಶ್ರಾಂತಿ ಸಿಗಲಿ ಅಂತ ತಂದೆತಾಯಿ ಬಯಸಿದರು. ಸ್ಮಿತ್ ಅವರ ಪತ್ನಿಯಾಗಿದ್ದ ಐಲೀನ್, ಹಕ್ಕು ತಮ್ಮ ಕೈಯಲ್ಲಿದ್ದರೂ, 1998ರಲ್ಲಿ ಇನ್ನು ಮುಂದೆ ಅಚ್ಚಿಗೆ ಕೊಡುವುದಿಲ್ಲ ಎಂದು ತೀರ್ಮಾನಿಸಿದರು. ಇವತ್ತು ಹೂಂ ಅಂದವರು ನಾಳೆ ಸಾಕು ಅನ್ನಬಹುದು. ಒಪ್ಪಿಗೆ ಪತ್ರದಲ್ಲಿ ಅದಕ್ಕೊಂದು ಸಾಲು ಇರಲಿ: ಎಲ್ಲೆಲ್ಲಿ ಹಾಕುತ್ತೇವೆ, ಎಷ್ಟು ದಿನ, ಬೇಡ ಅನ್ನಿಸಿದರೆ ಯಾರಿಗೆ ಹೇಳಬೇಕು.


ಅರೆಬೆಳಕು:

ಎಲ್ಲರಿಗೂ ಧನ್ಯವಾದ. ರಾತ್ರಿಪಾಳಿ ಮೇಡಂ, ಡಾಕ್ಟರಿಗೆ ತೋರಿಸಿದೆ. ಅವರು ಫೋಟೊ ದೊಡ್ಡದು ಮಾಡಿ ಕೈಯನ್ನೇ ನೋಡಿದರು, ಡ್ರೆಸ್ಸಿಂಗ್ ಎಷ್ಟು ಹೊತ್ತಿಗೆ ಮಾಡಿದ್ದು ಅಂತ ಕೇಳಿದರು. ಫೋಟೊದಲ್ಲೇ ಸಮಯ ಇತ್ತಲ್ಲ. ಔಷಧಿ ಚಾರ್ಟಿನ ಜೊತೆ ಹೋಲಿಸಿದರು, ಡೋಸ್ ಕೊಟ್ಟು ಆಗಲೇ ಮೂರೂವರೆ ಗಂಟೆ ಆಗಿತ್ತು. ಈಗ ಡ್ರೆಸ್ಸಿಂಗ್‌ಗೆ ಮುಂಚೆ ಬೇರೆ ಡೋಸ್ ಬರೆದಿದ್ದಾರೆ.

ಪ್ರಿಂಟ್ ಎರಡನ್ನೂ ಅಜ್ಜಿ ಕೈಗೆ ಕೊಟ್ಟೆ, ಸಿಬ್ಬಂದಿ ಇಲ್ಲದ ಹೊತ್ತು ನೋಡಿಕೊಂಡು. ನಗುವುದನ್ನು ದಿಂಬಿನ ಕೆಳಗೆ ಇಟ್ಟುಕೊಂಡರು, ಅದು ತಮ್ಮದಂತೆ, ಯಾರಿಗೂ ಕೊಡಬಾರದಂತೆ. ನೋವಿನದನ್ನು ಹಾಕಬಹುದು, ಆದರೆ ಮುಖ ಬೇಡ, ಕೈ ಮಾತ್ರ. ಇದು ನಾನು ಎಣಿಸಿರದ ಉತ್ತರ. ಕೈಗಷ್ಟೇ ಕ್ರಾಪ್ ಮಾಡಿದ್ದೇನೆ, ಕೆಳಗೆ ಹಳೇರೋಲು ಸರ್ ಹೇಳಿದ ಹಾಗೆ ಮೂರು ಸಾಲು: ಯಾವ ಕಾಯಿಲೆ, ಯಾವ ಹೊತ್ತು, ಆಮೇಲೆ ಔಷಧಿಯಲ್ಲಿ ಏನು ಬದಲಾಯಿತು. ಕಚೇರಿಯವರು 'ಮುಖ ಇಲ್ಲದೆ ಮುಖಪುಟವಾ' ಅಂತ ಗೊಣಗುತ್ತಿದ್ದಾರೆ, ಇನ್ನೂ ಒಪ್ಪಿಲ್ಲ.

ಕಪ್ಪುಬಿಳುಪು ಅವರು ಹೇಳಿದ ಸಾಲನ್ನು ಪತ್ರಕ್ಕೆ ಸೇರಿಸೋಣ ಅಂತಿದ್ದೇನೆ. ಒಂದೇ ಅನುಮಾನ, ಅಜ್ಜಿ ಹೋದ ಮೇಲೆ 'ಸಾಕು' ಅನ್ನುವ ಹಕ್ಕು ಯಾರದು? ಮಗ ಇದ್ದಾನಂತೆ, ಬಂದದ್ದು ಯಾರೂ ನೋಡಿಲ್ಲ.


ಗಿರಕಿ:

ಕೈ ಸಾಕು ಅನ್ನಿಸುತ್ತೆ, ಒಪ್ಪಿದೆ. ಆದರೆ ದೇಣಿಗೆ ಕಡಿಮೆ ಬಂದರೆ ಇಲ್ಲೇ ಬಂದು ಹೇಳಬೇಕು, ಬಚ್ಚಿಡಬಾರದು.


ರಾತ್ರಿಪಾಳಿ:

ಹಕ್ಕು ಯಾರದು ಅಂತ ಅಜ್ಜಿಯನ್ನೇ ಕೇಳಿ, ಅವರು ಹೇಳಿದ ಹೆಸರು ಬರೆದುಕೊಳ್ಳಿ. ಮಗನೇ ಆಗಬೇಕೆಂದೇನಿಲ್ಲ. ಪಕ್ಕದ ಮಂಚದವರ ಹೆಸರು ಹೇಳಿದರೂ ಬರೆಯಿರಿ, ನಮ್ಮಲ್ಲಿ ಹಾಗೆ ಆಗಿದೆ. ತಡ ಮಾಡಬೇಡಿ ಸರ್.