ಗೆದ್ದು ಮುಗಿದ ಮ್ಯಾಚಲ್ಲಿ ಹಾರ್ಡ್ ಫೌಲ್ ಯಾಕೆ? ಡ್ಯೂಕ್, ನಾರ್ತ್ ಕೆರೊಲೈನಾ ಅಭಿಮಾನಿಗಳು ಹೇಳಿ

ತಿಳಿನೀಲಿ:
ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ಹಳೇ ಕಾಲೇಜ್ ಬ್ಯಾಸ್ಕೆಟ್‌ಬಾಲ್ ವಿಡಿಯೋಗಳನ್ನ ನೋಡ್ತಾ ಕೂತಿದ್ದೆ, 2007ರ ಮಾರ್ಚ್ 4ರ ಡ್ಯೂಕ್, ನಾರ್ತ್ ಕೆರೊಲೈನಾ ಮ್ಯಾಚ್ ಬಂತು. ಚಾಪೆಲ್ ಹಿಲ್‌ನಲ್ಲಿ, ಅಂದ್ರೆ ನಮ್ಮ ನಾರ್ತ್ ಕೆರೊಲೈನಾ ತಂಡದ ಊರಲ್ಲೇ ಆಗಿದ್ದು. ನೋಡಿರೋರಿಗೆ ಗೊತ್ತು, ನಮ್ಮ ಟೈಲರ್ ಹ್ಯಾನ್ಸ್‌ಬ್ರೋ ಫ್ರೀ ಥ್ರೋ (ಫೌಲ್‌ಗೆ ಸಿಗೋ ಶಾಟ್) ಮಿಸ್ ಮಾಡಿ, ತಾನೇ ರೀಬೌಂಡ್, ಅಂದ್ರೆ ವಾಪಸ್ ಚಿಮ್ಮಿದ ಬಾಲ್ ಹಿಡಿದು ಮತ್ತೆ ಶಾಟ್‌ಗೆ ಎದ್ದ, ಅಷ್ಟರಲ್ಲಿ ಡ್ಯೂಕ್‌ನ ಜೆರಾಲ್ಡ್ ಹೆಂಡರ್ಸನ್ ಹಾರಿ ಬಂದ, ಮೊಣಕೈ ಸೀದಾ ಮೂಗಿಗೆ. ಮೂಗು ಮುರೀತು, ಮುಖ ತುಂಬಾ ರಕ್ತ, ಎದ್ದು ನಿಂತಾಗ ಅವನ ಕಣ್ಣು ನೋಡಿದ್ರೆ ಈಗ್ಲೂ ಮೈ ಜುಮ್ ಅನ್ನುತ್ತೆ. ಆಗ ಉಳಿದಿದ್ದು 14.5 ಸೆಕೆಂಡ್. ಮ್ಯಾಚ್ ನಾವು ಗೆದ್ದಿದ್ದು 86-72ಕ್ಕೆ. ಅಂದ್ರೆ ಆ ಶಾಟ್ ಹೋದ್ರೂ ಬಿಟ್ರೂ ಫಲಿತಾಂಶ ಬದಲಾಗ್ತಿರಲಿಲ್ಲ.

ನನ್ನ ಜೊತೆ ನೋಡ್ತಿದ್ದ ಫ್ರೆಂಡ್ ಡ್ಯೂಕ್ ಕಡೆಯವನು, "ಅದು ಬಾಲ್‌ಗೆ ಹೋದ ಕೈ, ಹಾರ್ಡ್ ಫೌಲ್ ಅಷ್ಟೇ, ಬೇಕಂತ ಮಾಡಿದ್ದಲ್ಲ" ಅಂದ. ಎರಡು ಗಂಟೆ ಜಗಳ ಆಯ್ತು. ನನಗೆ ಒಪ್ಪೋಕೆ ಆಗ್ತಿಲ್ಲ. ರೈವಲ್ರಿ ಅಂದ್ಮೇಲೆ ಮೈಗೆ ಮೈ ತಾಗಲೇಬೇಕು, ಅದು ನನಗೂ ಇಷ್ಟಾನೇ. ಆದ್ರೆ ಗಟ್ಟಿ ಆಟ ಎಲ್ಲಿಗೆ ಮುಗಿಯುತ್ತೆ, ಕೊಳಕು ಆಟ ಎಲ್ಲಿಂದ ಶುರುವಾಗುತ್ತೆ? ನೀವೆಲ್ಲ ಹೇಗೆ ನೋಡ್ತೀರಿ?

ಕಡುನೀಲಿ:
ನಾನು ಡ್ಯೂಕ್ ಕಡೆಯವನೇ, ಮೊದಲೇ ಹೇಳಿಬಿಡ್ತೀನಿ. ಆ ವಿಡಿಯೋನ ಸ್ಲೋ ಮೋಷನ್‌ನಲ್ಲಿ ಎಷ್ಟು ಸಲ ನೋಡಿದೀನೋ ಲೆಕ್ಕ ಇಲ್ಲ. ಸ್ಲೋ ಮೋಷನ್‌ನಲ್ಲಿ ಎಲ್ಲಾನೂ ಬೇಕಂತಾನೇ ಮಾಡಿದ ಹಾಗೆ ಕಾಣುತ್ತೆ ಅನ್ನೋದು ನನ್ನ ಮೊದಲ ತಕರಾರು. ಮಾಮೂಲಿ ಸ್ಪೀಡಲ್ಲಿ ನೋಡಿ, ಹೆಂಡರ್ಸನ್ ಗಾಳಿಯಲ್ಲಿದ್ದಾನೆ, ಬ್ಲಾಕ್ ಮಾಡೋಕೆ ಹೋಗಿದ್ದಾನೆ, ನಡುವೆ ಇನ್ನೊಬ್ಬ ಡಿಕ್ಕಿ ಹೊಡೀತಾನೆ, ಕೈ ಕೆಳಗೆ ಬರೋ ಹೊತ್ತಿಗೆ ಅಲ್ಲಿ ಮುಖ ಇದೆ. ಅವನನ್ನ ಹೊರಗೆ ಕಳಿಸಿದ್ರು, ಮುಂದಿನ ಮ್ಯಾಚ್‌ಗೂ ಸಸ್ಪೆಂಡ್ ಆಯ್ತು, ಆ ಮ್ಯಾಚು ನಮ್ಮೆರಡೂ ತಂಡ ಇರೋ ಎಸಿಸಿ ಲೀಗ್‌ನ ಟೂರ್ನಮೆಂಟ್‌ನ ಮೊದಲ ರೌಂಡ್, ನಾವು ಎನ್‌ಸಿ ಸ್ಟೇಟ್‌ಗೆ ಓವರ್‌ಟೈಮಲ್ಲಿ ಸೋತ್ವಿ. ಶಿಕ್ಷೆ ಆಗಿಲ್ಲ ಅಂತ ಯಾರೂ ಹೇಳೋ ಹಾಗಿಲ್ಲ.

ನನ್ನ ಪ್ರಶ್ನೆ ಬೇರೆ. ಹದಿನಾಲ್ಕು ಸೆಕೆಂಡ್ ಇದೆ, ಹತ್ತಕ್ಕಿಂತ ಜಾಸ್ತಿ ಲೀಡ್ ಇದೆ, ಆಗ ಹ್ಯಾನ್ಸ್‌ಬ್ರೋ ಯಾಕಿನ್ನೂ ಕೋರ್ಟಲ್ಲಿ ಇದ್ದ? ನಿಮ್ಮ ಕೋಚ್ ಅವನನ್ನ ಕೂರಿಸಿದ್ರೆ ಇದು ಆಗ್ತಾನೇ ಇರ್ಲಿಲ್ಲ.

ತಿಳಿನೀಲಿ:
ಕಡುನೀಲಿ, ಬೇಜಾರು ಮಾಡ್ಕೋಬೇಡಿ, ಇದೇ ಮಾತು ನನಗೆ ಸಿಟ್ಟು ತರಿಸೋದು. ಏಟು ತಿಂದೋನು ಅಲ್ಲಿ ಯಾಕಿದ್ದ ಅಂತ ಕೇಳೋದು ಯಾವ ನ್ಯಾಯ? ಮ್ಯಾಚ್ ಇರೋದು 40 ನಿಮಿಷ, 39 ಮುಕ್ಕಾಲು ಅಲ್ಲ. ಅವತ್ತು ಅವನು 26 ಪಾಯಿಂಟ್, 17 ರೀಬೌಂಡ್ ಮಾಡಿದ್ದ, ಕೊನೇ ತನಕ ಆಡೋ ಹಕ್ಕು ಅವನಿಗಿತ್ತು. ನಿಮ್ಮ ಕಡೆ ಇದೊಂದೇ ಆಗಿದ್ರೆ ನಾನೂ ಬಿಟ್ಟುಬಿಡ್ತಿದ್ದೆ. 2016ರಲ್ಲಿ ಗ್ರೇಸನ್ ಅಲೆನ್ ಕಾಲು ಅಡ್ಡ ಹಾಕಿ ಬೀಳಿಸಿದ್ದು ಒಂದ್ಸಲ ಅಲ್ಲ, ಮೂರು ಸಲ. ಫೆಬ್ರವರಿಯಲ್ಲಿ ಲೂಯಿವಿಲ್ ವಿರುದ್ಧ, ಅದೇ ತಿಂಗಳು ಫ್ಲೋರಿಡಾ ಸ್ಟೇಟ್ ವಿರುದ್ಧ, ಮತ್ತೆ ಡಿಸೆಂಬರಲ್ಲಿ ಈಲಾನ್ ವಿರುದ್ಧ. ಅದರಲ್ಲಿ ಬಾಲ್ ಎಲ್ಲಿತ್ತು ಹೇಳಿ?

ಕಡುನೀಲಿ:
ಅಲೆನ್ ವಿಷ್ಯದಲ್ಲಿ ನಾನು ಒಂದು ಮಾತೂ ಎತ್ತಲ್ಲ. ತಪ್ಪು ತಪ್ಪೇ. ಮೂರನೇ ಸಲ ಆದಾಗ ಅನಿರ್ದಿಷ್ಟ ಕಾಲಕ್ಕೆ ಸಸ್ಪೆಂಡ್ ಅಂತ ಹೇಳಿ ಒಂದೇ ಮ್ಯಾಚ್ ಆದ್ಮೇಲೆ ವಾಪಸ್ ಕರ್ಕೊಂಡಿದ್ದು ನನಗೂ ನುಂಗೋಕೆ ಆಗಿರ್ಲಿಲ್ಲ. ಅವನ ಆಟ ಅಂದ್ರೆ ನನಗೆ ಪ್ರಾಣ, ಅದಕ್ಕೇ ಜಾಸ್ತಿ ನೋವಾಗಿದ್ದು. ಆದ್ರೆ ಅದನ್ನೂ ಹೆಂಡರ್ಸನ್ ಫೌಲನ್ನೂ ಒಂದೇ ತಕ್ಕಡಿಗೆ ಹಾಕ್ಬೇಡಿ.

ಸೀಟಿ_ರೆಫ್ರಿ:
ನಾನು ಕೆಲವು ವರ್ಷ ಹವ್ಯಾಸಿ ಲೀಗ್‌ಗಳಲ್ಲಿ ರೆಫ್ರಿ ಆಗಿದ್ದೋನು, ಆ ಕಡೆಯಿಂದ ಸ್ವಲ್ಪ ಹೇಳ್ತೀನಿ. ನೀವಿಬ್ರೂ "ಬೇಕಂತ ಮಾಡಿದ್ನಾ ಇಲ್ವಾ" ಅನ್ನೋದ್ರಲ್ಲೇ ಸಿಕ್ಕಿಹಾಕ್ಕೊಂಡಿದ್ದೀರಿ. ಸೀಟಿ ಊದೋನಿಗೆ ಆಟಗಾರನ ಮನಸ್ಸೊಳಗೆ ಏನಿತ್ತು ಅಂತ ಹೇಗೆ ಗೊತ್ತಾಗ್ಬೇಕು? ಕಾಲೇಜ್ ಆಟಗಳನ್ನ ನಡೆಸೋ ಎನ್‌ಸಿಎಎ ಕೂಡ 2011-12ರ ಸೀಸನ್‌ನಿಂದ 'ಇಂಟೆನ್ಶನಲ್ ಫೌಲ್' ಅನ್ನೋ ಹೆಸರನ್ನೇ ತೆಗೆದು ಫ್ಲೇಗ್ರಂಟ್ 1, ಫ್ಲೇಗ್ರಂಟ್ 2 ಅಂತ ಮಾಡ್ತು. ತಾಗಿದ್ದು ಅಗತ್ಯಕ್ಕಿಂತ ಜಾಸ್ತಿ ಅನ್ಸಿದ್ರೆ 1, ಎರಡು ಫ್ರೀ ಥ್ರೋ ಜೊತೆಗೆ ಬಾಲೂ ಎದುರಾಳಿಗೆ. ತೀರಾ ಅತಿಯಾಗಿದ್ರೆ 2, ಆಟಗಾರ ಹೊರಗೆ. ಅಂದ್ರೆ ನೋಡೋದು ಏಟನ್ನ, ಉದ್ದೇಶಾನ ಅಲ್ಲ.

ಅದಕ್ಕಿಂತ ಮುಖ್ಯವಾದದ್ದು, ಏಟು ತಿನ್ನೋನು ಎಲ್ಲಿದ್ದಾನೆ ಅನ್ನೋದು. ನೆಲದ ಮೇಲೆ ಕಾಲಿದ್ರೆ ಎಷ್ಟೇ ಜೋರಾಗಿ ತಳ್ಳಿದ್ರೂ ತಡ್ಕೊಂಡು ನಿಲ್ತಾನೆ, ಇಲ್ಲ ಕೈ ಊರಿ ಬೀಳ್ತಾನೆ. ಗಾಳಿಯಲ್ಲಿರೋನಿಗೆ ಆ ಅವಕಾಶ ಇಲ್ಲ. ಸೊಂಟಕ್ಕೆ ಸಣ್ಣದಾಗಿ ತಾಗಿದ್ರೂ ಮೈ ತಿರುಗಿ ಬೆನ್ನೋ ತಲೇನೋ ಮೊದಲು ನೆಲಕ್ಕೆ ಬರುತ್ತೆ. ನಾನು ಆಡ್ತಿದ್ದ ಕಾಲದಲ್ಲಿ ಜಂಪ್ ಶಾಟ್ ಹೊಡೆದು ಕೆಳಗೆ ಇಳೀತಿದ್ದೋನ ಕಾಲಡಿಗೆ ನಾನೇ ಒಂದ್ಸಲ ನುಗ್ಗಿದ್ದೆ, ಕೆಟ್ಟ ಉದ್ದೇಶ ಏನೂ ಇರ್ಲಿಲ್ಲ, ಶಾಟ್ ತಡೀಬೇಕು ಅನ್ನೋ ಆವೇಶ ಅಷ್ಟೇ. ಅವನು ನನ್ನ ಪಾದದ ಮೇಲೆ ಇಳಿದ, ಹಿಮ್ಮಡಿ ಹತ್ರ ಏನೋ ಹರಿದ ಸದ್ದು ನನಗೇ ಕೇಳಿಸ್ತು. ಆ ಸೀಸನ್ ಪೂರ್ತಿ ಅವನು ಆಡ್ಲಿಲ್ಲ. ಉದ್ದೇಶ ಇರ್ಲಿಲ್ಲ ಅಂತ ಅವನ ಹತ್ರ ಹೋಗಿ ಹೇಳೋಕೆ ನನಗೆ ಬಾಯೇ ಬರ್ಲಿಲ್ಲ, ಕ್ಷಮೆ ಮಾತ್ರ ಕೇಳ್ದೆ.

ಬಿಗ್‌ಫೈವ್:
ಒಳ್ಳೇ ಚರ್ಚೆ. ಆದ್ರೆ ಎಲ್ರೂ ಹುಡುಗರ ಮೇಲೇ ಹಾಕ್ತಿದ್ದೀರಿ, ಕೋಚ್‌ಗಳನ್ನ ಯಾರೂ ಕೇಳ್ತಿಲ್ಲ. ಫಿಲಡೆಲ್ಫಿಯಾದಲ್ಲಿ 2005ರ ಫೆಬ್ರವರಿಯಲ್ಲಿ ಟೆಂಪಲ್, ಸೇಂಟ್ ಜೋಸೆಫ್ಸ್ ಮ್ಯಾಚಲ್ಲಿ ಏನಾಯ್ತು ನೆನಪಿದ್ಯಾ? ಟೆಂಪಲ್‌ನ ಜಾನ್ ಚೇನಿ ಅಂದ್ರೆ ಆಗ್ಲೇ ಹಾಲ್ ಆಫ್ ಫೇಮ್ ಸೇರಿದ್ದ ದೊಡ್ಡ ಕೋಚ್. ಎದುರಾಳಿಗಳ ಸ್ಕ್ರೀನ್ (ಅಡ್ಡ ನಿಂತು ದಾರಿ ತಡೆಯೋದು) ನಿಯಮಬಾಹಿರ, ರೆಫ್ರಿಗಳು ನೋಡ್ತಿಲ್ಲ ಅನ್ನೋ ಸಿಟ್ಟಿಗೆ, ಬೆಂಚಲ್ಲಿದ್ದ ದಪ್ಪ ಹುಡುಗನೊಬ್ಬನನ್ನ ಫೌಲ್ ಮಾಡೋಕಂತಾನೇ ಒಳಗೆ ಕಳಿಸಿದ್ರು. ನಾಲ್ಕೇ ನಿಮಿಷದಲ್ಲಿ ಆ ಹುಡುಗ ಐದು ಫೌಲ್ ಮಾಡಿ ಹೊರಗೆ ಬಂದ, ಅಷ್ಟರಲ್ಲಿ ಸೇಂಟ್ ಜೋಸೆಫ್ಸ್‌ನ ಜಾನ್ ಬ್ರಯಾಂಟ್ ಅನ್ನೋ ಕೊನೇ ವರ್ಷದ ಆಟಗಾರನ ಕೈ ಮುರಿದಿತ್ತು. ಚೇನಿ ಮೊದಲು ತಾವೇ ಒಂದು ಮ್ಯಾಚ್ ದೂರ ಇರ್ತೀನಿ ಅಂದ್ರು, ಮೂಳೆ ಮುರಿದಿದ್ದು ಗೊತ್ತಾದ್ಮೇಲೆ ಆ ರೆಗ್ಯುಲರ್ ಸೀಸನ್ನಲ್ಲಿ ಉಳಿದಿದ್ದ ಮ್ಯಾಚ್‌ಗಳೆಲ್ಲ ಹೋಯ್ತು. ಬಡ ಹುಡುಗರನ್ನ ಮುಂದೆ ತಂದಿದ್ದಕ್ಕೆ ಚೇನಿ ಬಗ್ಗೆ ನನಗೆ ಇವತ್ತಿಗೂ ಗೌರವ ಇದೆ, ಆದ್ರೆ ಅವತ್ತಿನದ್ದನ್ನ ಮಾತ್ರ ಕ್ಷಮಿಸೋಕೆ ಆಗಲ್ಲ. ಬೆಂಚಲ್ಲಿ ಕೂತ ಹುಡುಗ ಕೋಚ್ ಹೇಳಿದ್ದಕ್ಕೆ ಇಲ್ಲ ಅಂತಾನಾ? ಹೆಸರು ಕೆಟ್ಟಿದ್ದು ಅವನದ್ದೂ ಹೌದು.

ಇನ್ನೊಂದು. ತಿಳಿನೀಲಿ ಹೇಳಿದ "ಮುಗಿದ ಮ್ಯಾಚ್" ಅನ್ನೋದನ್ನ ಹಿಡ್ಕೊಳ್ಳಿ. 2011ರ ಡಿಸೆಂಬರ್ 10, ಸಿನ್ಸಿನಾಟಿ ಮತ್ತು ಝೇವಿಯರ್ ನಡುವೆ ಹೊಡೆದಾಟ ಆದಾಗ ಉಳಿದಿದ್ದು 9.4 ಸೆಕೆಂಡ್, ಸ್ಕೋರ್ 76-53. ಒಂದೇ ಊರಿನ ಎರಡು ಕಾಲೇಜು! ಮುಖಕ್ಕೆ ಗುದ್ದು ಬಿತ್ತು, ಕೆಲವರಿಗೆ ಆರು ಮ್ಯಾಚ್ ಸಸ್ಪೆನ್ಶನ್. 2020ರ ಜನವರಿಯಲ್ಲಿ ಕಾನ್ಸಸ್, ಕಾನ್ಸಸ್ ಸ್ಟೇಟ್, ಅಲ್ಲೂ 81-60, ಗೆದ್ದ ಕಾನ್ಸಸ್‌ನ ಹುಡುಗ ಟೈಮ್ ಕಳೀತಾ ಡ್ರಿಬಲ್ ಮಾಡ್ತಿದ್ದಾಗ ಸೋತೋರ ಹುಡುಗ ಬಾಲ್ ಕಿತ್ಕೊಂಡು ಲೇಅಪ್‌ಗೆ ಓಡಿದ, ಕಾನ್ಸಸ್‌ನವನು ಹೋಗಿ ಬ್ಲಾಕ್ ಮಾಡಿ ಬಿದ್ದವನ ಮೇಲೆ ನಿಂತ, ಕಡೆಗೆ ಸ್ಟೂಲ್ ಎತ್ತಿಹಿಡಿಯೋ ತನಕ ಹೋಯ್ತು, ಆ ಕಾನ್ಸಸ್‌ನವನಿಗೆ 12 ಮ್ಯಾಚ್ ಸಸ್ಪೆನ್ಶನ್. ಎಲ್ಲಾ ಕಡೆ ಸೋಲು ಗೆಲುವು ತೀರ್ಮಾನ ಆದ್ಮೇಲೇ ಆಗಿರೋದು. ಮ್ಯಾಚ್ ಟೈಟ್ ಆಗಿದ್ದಾಗ ಯಾರೂ ಇಂಥದ್ದಕ್ಕೆ ಕೈ ಹಾಕಲ್ಲ, ಒಂದು ಫೌಲ್ ಅಂದ್ರೆ ಎರಡು ಪಾಯಿಂಟ್ ಹೋಯ್ತು ಅನ್ನೋ ಭಯ ಇರುತ್ತೆ. ಇಪ್ಪತ್ತು ಪಾಯಿಂಟ್ ಹಿಂದಿದ್ರೆ ಆ ಭಯ ಎಲ್ಲಿ, ಉಳಿಯೋದು ಅವಮಾನ ಒಂದೇ. ಅದಕ್ಕೇ ಕೊನೇ ನಿಮಿಷದಲ್ಲಿ ಸ್ಟಾರ್ಟರ್‌ಗಳನ್ನ (ಶುರುವಿನಿಂದ ಆಡೋ ಮುಖ್ಯ ಆಟಗಾರರನ್ನ) ಎರಡೂ ಕಡೆ ಕೂರಿಸ್ಬೇಕು ಅಂತೀನಿ. ಕಡುನೀಲಿ ಕೇಳಿದ್ದು ಏಟು ತಿಂದೋನ ತಪ್ಪು ಅಂತ ಅಲ್ಲ, ಕೋಚ್ ಜವಾಬ್ದಾರಿ ಅಂತ ತಗೊಂಡ್ರೆ ಅದ್ರಲ್ಲಿ ಸತ್ಯ ಇದೆ.

ಕಡುನೀಲಿ:
ಹೌದು ಬಿಗ್‌ಫೈವ್, ನಾನು ಹೇಳ್ಬೇಕಂತಿದ್ದಿದ್ದು ಅದೇ, ಸಿಟ್ಟಲ್ಲಿ ಬೇರೆ ಥರ ಬಂತು. ಹಾಗೆ ನೋಡಿದ್ರೆ ಹೆಂಡರ್ಸನ್ ಕೂಡ ಆಗ ಬೆಂಚಲ್ಲಿ ಇರ್ಬೇಕಿತ್ತು. ಸೀಟಿ ಅವರೇ, ನಿಮ್ಮ ಮಾತು ಓದಿ ಇನ್ನೊಂದ್ಸಲ ವಿಡಿಯೋ ನೋಡ್ದೆ. ಹ್ಯಾನ್ಸ್‌ಬ್ರೋ ಗಾಳಿಯಲ್ಲೇ ಇದ್ದ. ಹೊರಗೆ ಕಳಿಸಿದ್ದು ಸರಿ ಅಂತ ಒಪ್ಕೋತೀನಿ, ಬೇಕಂತ ಮಾಡಿದ ಅನ್ನೋದನ್ನ ಒಪ್ಪಲ್ಲ.

ತಿಳಿನೀಲಿ:
ಅಷ್ಟಾದ್ರೆ ನನಗೆ ಸಾಕು. ನಾನೂ ಒಂದು ಒಪ್ಕೋಬೇಕು. 1992ರ ಫೆಬ್ರವರಿಯಲ್ಲಿ ನಮ್ಮ ಎರಿಕ್ ಮಾಂಟ್ರೋಸ್ ಮುಖದ ಮೇಲೆ ರಕ್ತ ಇಳೀತಿದ್ದಾಗ್ಲೇ ಫ್ರೀ ಥ್ರೋ ಹಾಕಿದ ಮ್ಯಾಚ್ ಇದ್ಯಲ್ಲ, ಆಗ ನಂಬರ್ ಒನ್ ಆಗಿದ್ದ ಡ್ಯೂಕನ್ನ 75-73ಕ್ಕೆ ಸೋಲಿಸಿದ್ದು, ಅದನ್ನ ನಾವು ಹೆಮ್ಮೆಯಿಂದ ಹೇಳ್ಕೋತೀವಿ. ಅವತ್ತು ರಕ್ತ ಬರಿಸಿದ ಮೊಣಕೈಗಳ ಬಗ್ಗೆ ನಮ್ಮಲ್ಲಿ ಯಾರಿಗೂ ದ್ವೇಷ ಇಲ್ಲ. ಅಲ್ಲಿ ಕೊನೇ ಸೆಕೆಂಡ್ ತನಕ ಎರಡೂ ಕಡೆಯೋರು ಗೆಲ್ಲೋಕೇ ಒದ್ದಾಡ್ತಿದ್ರು, ಆ ರಕ್ತ ಆಟದ್ದು ಅನ್ಸುತ್ತೆ. 2007ರದ್ದು ಹಾಗನ್ಸಲ್ಲ. ನಾವೇ ಸೋತಿದ್ರೆ ಮಾಂಟ್ರೋಸ್ ರಕ್ತಾನ ಹೇಗೆ ನೋಡ್ತಿದ್ವೋ, ಅದನ್ನ ನಿನ್ನೆಯಿಂದ ಯೋಚನೆ ಮಾಡ್ತಿದೀನಿ.

ಮಾಂಟ್ರೋಸ್ 2023ರ ಡಿಸೆಂಬರಲ್ಲಿ ತೀರಿಕೊಂಡಾಗ ಡ್ಯೂಕ್ ಕಡೆಯ ಫ್ರೆಂಡೇ ನನಗೆ ಮೊದಲು ಮೆಸೇಜ್ ಮಾಡಿದ್ದು. ಆ ಮ್ಯಾಚಿನ ಪೂರ್ತಿ ವಿಡಿಯೋ ಯಾರ ಹತ್ರ ಆದ್ರೂ ಇದ್ರೆ ಹಾಕಿ, ಅವನ ಜೊತೆ ಕೂತು ನೋಡ್ಬೇಕು.