ಯುರೋಪಿನ ಕೃಷಿ ದುಡ್ಡು: ಪಾಲು ಕಡಿಮೆ ಬಂತು ಅಂತ ಕೋರ್ಟಿಗೆ ಹೋದರೆ ಸಿಗುತ್ತದಾ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ತಿಪಟೂರಿನ ಹುಡುಗ, ಈಗ ಕಾರ್ಡಿಫ್‌ನಲ್ಲಿ ಓದುತ್ತಿದ್ದೇನೆ. ಗ್ರಾಮೀಣ ನೀತಿಯ ಮೇಲೆ ಒಂದು ಪ್ರಬಂಧ ಬರೆಯಬೇಕು. ಯುರೋಪಿಯನ್ ಒಕ್ಕೂಟ ರೈತರಿಗೆ ಅಂತ ಕೊಡುವ ದುಡ್ಡನ್ನು ಒಂದು ದೇಶದ ಒಳಗೆ ಪ್ರದೇಶ ಪ್ರದೇಶಕ್ಕೆ ಹಂಚುವಾಗ ಜಗಳ ಆಗುತ್ತದಲ್ಲ, ಅದು ಕೋರ್ಟಿಗೆ ಹೋದರೆ ಏನಾಗುತ್ತದೆ? "ನಮ್ಮ ಪಾಲು ಕಡಿಮೆ" ಅಂತ ಕೇಸ್ ಹಾಕಿ ಗೆದ್ದವರು ಇದ್ದಾರಾ? ಬ್ರಿಟನ್ ಒಕ್ಕೂಟದಲ್ಲಿ ಇದ್ದ ಕಾಲದ ಉದಾಹರಣೆ ಇದ್ದರೆ ನನಗೆ ಅನುಕೂಲ.

ಉತ್ತರ: ನಮಸ್ಕಾರ. "ನಮಗೆ ಕಡಿಮೆ ಬಂತು" ಅನ್ನುವುದಷ್ಟನ್ನೇ ಹಿಡಿದುಕೊಂಡು ಹೋದವರಿಗೆ ಸಾಮಾನ್ಯವಾಗಿ ಸೋಲು. "ಈ ತೀರ್ಮಾನ ತೆಗೆದುಕೊಂಡ ರೀತಿ ಸರಿಯಿಲ್ಲ", "ಈ ಗೆರೆಯನ್ನು ಇಲ್ಲೇ ಎಳೆಯೋಕೆ ಕಾರಣ ಇಲ್ಲ" ಅಂತ ಹೋದವರು ಗೆದ್ದದ್ದುಂಟು. ಪ್ರಬಂಧಕ್ಕೆ ಈ ವ್ಯತ್ಯಾಸವನ್ನೇ ಬೆನ್ನೆಲುಬು ಮಾಡಿಕೊಳ್ಳಿ.

ಮೊದಲು ದುಡ್ಡು ಹೇಗೆ ಹರಿಯುತ್ತದೆ ನೋಡಿ. ಒಕ್ಕೂಟದ ಕೃಷಿ ನೀತಿಯಲ್ಲಿ ಎರಡು ಪಿಲ್ಲರ್. ಒಂದನೆಯದು ಮುಖ್ಯವಾಗಿ ಹೆಕ್ಟೇರ್ ಲೆಕ್ಕದಲ್ಲಿ ರೈತನ ಖಾತೆಗೆ ನೇರ ಹೋಗುವ ಹಣ. ಎರಡನೆಯದು ಗ್ರಾಮೀಣಾಭಿವೃದ್ಧಿ, ಪರಿಸರ, ಗುಡ್ಡಗಾಡು ಇತ್ಯಾದಿ ಯೋಜನೆಗಳ ಹಣ. ಬ್ರಸೆಲ್ಸ್, ಅಂದರೆ ಒಕ್ಕೂಟದ ಆಡಳಿತ ಕೇಂದ್ರ, ಎರಡನ್ನೂ ದೇಶದ ಹೆಸರಿಗೆ ಕೊಡುತ್ತದೆ. ದೇಶದ ಒಳಗೆ ಯಾರಿಗೆಷ್ಟು ಅನ್ನುವುದನ್ನು ಬಹುಪಾಲು ಆ ದೇಶಕ್ಕೇ ಬಿಡುತ್ತದೆ. ಜಗಳ ಹುಟ್ಟುವುದೇ ಅಲ್ಲಿ.

ನೀವು ಕಾರ್ಡಿಫ್‌ನಲ್ಲಿ ಇರುವುದರಿಂದ ವೇಲ್ಸ್‌ನ ಕೇಸ್‌ನಿಂದಲೇ ಶುರು ಮಾಡೋಣ. 2013ರ ಒಕ್ಕೂಟದ ನಿಯಮಾವಳಿ, ಸಂಖ್ಯೆ 1307, ಒಂದು ಅನುಮತಿ ಕೊಟ್ಟಿತ್ತು. ದೇಶಗಳು ತಮ್ಮ ಜಮೀನನ್ನು ಬೇರೆ ಬೇರೆ "ಪ್ರದೇಶ" ಅಂತ ವಿಂಗಡಿಸಿ ಒಂದೊಂದಕ್ಕೆ ಒಂದೊಂದು ದರ ಇಡಬಹುದು. ಷರತ್ತು ಒಂದೇ: ವಿಂಗಡಣೆಗೆ ವಸ್ತುನಿಷ್ಠ ಆಧಾರ ಇರಬೇಕು, ತಾರತಮ್ಯ ಇರಬಾರದು. ಮಣ್ಣು, ಬೆಳೆಯ ಸಾಮರ್ಥ್ಯ, ಅಲ್ಲಿನ ಜನರ ಆರ್ಥಿಕ ಸ್ಥಿತಿ, ಆಡಳಿತದ ರಚನೆ, ಇಂಥವು ನಡೆಯುತ್ತವೆ.

ವೇಲ್ಸ್ ಸರ್ಕಾರ ಜಮೀನನ್ನು ಮೂರು ಭಾಗ ಮಾಡಿತು. ಅದರಲ್ಲಿ ಒಂದು "ಮೂರ್‌ಲ್ಯಾಂಡ್", ಅಂದರೆ ಎತ್ತರದ ಗುಡ್ಡದ ಮೇಲಿನ ಒರಟು ಹುಲ್ಲಿನ ಬಯಲು. ಅದನ್ನು ಗುರುತಿಸಿದ್ದು ಹೇಗೆ ಗೊತ್ತಾ? 1990ರ ದಶಕದ ಒಂದು ಸಸ್ಯ ನಕ್ಷೆಯಲ್ಲಿ ಮೂರ್‌ಲ್ಯಾಂಡ್ ಅಂತ ಇರಬೇಕು, ಜೊತೆಗೆ ಸಮುದ್ರಮಟ್ಟದಿಂದ 400 ಮೀಟರ್‌ಗಿಂತ ಮೇಲಿರಬೇಕು. ಆ ಜಮೀನಿಗೆ ಹೆಕ್ಟೇರಿಗೆ ಸಿಗಬೇಕಿದ್ದದ್ದು ಗೆರೆಯ ಕೆಳಗಿನ ಜಮೀನಿಗೆ ಸಿಗುವುದರ ಸುಮಾರು ಹತ್ತನೇ ಒಂದು ಭಾಗ.

ಒಬ್ಬ ಕುರಿ ಸಾಕುವವನನ್ನು ನೆನೆಸಿಕೊಳ್ಳಿ. ಬೇಲಿಯ ಕೆಳಗೆ 390 ಮೀಟರ್, ಬೇಲಿಯ ಮೇಲೆ 410 ಮೀಟರ್. ಅದೇ ಹುಲ್ಲು, ಅದೇ ಕುರಿ, ಅದೇ ಮಳೆ. ಕೆಳಗಿನ ಹೆಕ್ಟೇರಿಗೆ ಪೂರ್ತಿ ದರ, ಮೇಲಿನದಕ್ಕೆ ಚಿಲ್ಲರೆ. ಗುಡ್ಡದ ರೈತರು 'ಫೇರ್‌ನೆಸ್ ಫಾರ್ ದಿ ಅಪ್‌ಲ್ಯಾಂಡ್ಸ್' ಅನ್ನುವ ಗುಂಪು ಕಟ್ಟಿಕೊಂಡು 2014ರಲ್ಲಿ ನ್ಯಾಯಾಂಗ ಪರಿಶೀಲನೆಗೆ ಅರ್ಜಿ ಹಾಕಿದರು. 400 ಮೀಟರ್ ಅನ್ನುವ ಅಂಕಿಗೂ ಜಮೀನಿನ ಗುಣಕ್ಕೂ ಏನು ಸಂಬಂಧ ಅಂತ ಸರ್ಕಾರಕ್ಕೆ ಸಮರ್ಥಿಸಿಕೊಳ್ಳಲು ಆಗಲಿಲ್ಲ. ಪೂರ್ತಿ ವಿಚಾರಣೆಗೆ ಹೋಗದೆ ಸರ್ಕಾರವೇ ಹಿಂದೆ ಸರಿಯಿತು. ಮತ್ತೆ ಜನರ ಅಭಿಪ್ರಾಯ ಕೇಳಿ, ಕೊನೆಗೆ ಇಡೀ ವೇಲ್ಸ್‌ಗೆ ಒಂದೇ ದರ, ಅದರ ಮೇಲೆ ಪ್ರತಿ ರೈತನ ಮೊದಲ 54 ಹೆಕ್ಟೇರ್‌ಗೆ ಸ್ವಲ್ಪ ಹೆಚ್ಚುವರಿ ಹಣ, ಅಂತ ತೀರ್ಮಾನ ಆಯಿತು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ರೈತರು "ನಮಗೆ ಇಷ್ಟು ಯೂರೋ ಕೊಡಿಸಿ" ಅಂತ ಕೇಳಲಿಲ್ಲ. ಗೆರೆಯನ್ನು ಪ್ರಶ್ನಿಸಿದರು. ಗೆರೆ ಅಳಿಯಿತು, ದುಡ್ಡು ತಾನಾಗೇ ಬಂತು.

ಪ್ರಶ್ನೆ: ಮೇಡಂ, ಮಧ್ಯೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ಅಕ್ಕನ ಮನೆಯವರು ಎಡಿನ್‌ಬರೋದಲ್ಲಿ ಇದ್ದಾರೆ. ಸ್ಕಾಟ್ಲೆಂಡಿನ ರೈತರ ದುಡ್ಡನ್ನು ಲಂಡನ್‌ನವರು ನುಂಗಿದರು ಅಂತ ಅಲ್ಲಿ ದೊಡ್ಡ ಗಲಾಟೆ ಆಗಿತ್ತಂತೆ. ಅದು ಕೋರ್ಟಿಗೆ ಹೋಯಿತಾ?

ಉತ್ತರ: ಇಲ್ಲ. ಕೋರ್ಟಿನ ತೀರ್ಪಿಲ್ಲದೆ ದುಡ್ಡು ವಾಪಸ್ ಬಂದ ಕಥೆ ಅದು. ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಅತಿ ರುಚಿಯಾದ ಭಾಗ.

2014ರಿಂದ 2020ರ ಅವಧಿಗೆ ಒಕ್ಕೂಟ ಒಂದು ಸಮೀಕರಣ ತಂದಿತು. ಯಾವ ದೇಶದ ಹೆಕ್ಟೇರ್ ಸರಾಸರಿ ಒಕ್ಕೂಟದ ಸರಾಸರಿಯ ಶೇ. 90ಕ್ಕಿಂತ ಕೆಳಗಿದೆಯೋ, ಆ ಕೊರತೆಯಲ್ಲಿ ಮೂರನೇ ಒಂದು ಭಾಗವನ್ನು ತುಂಬಿಕೊಡುವುದು. ಬ್ರಿಟನ್ನಿಗೆ ಇದರಲ್ಲಿ 22.3 ಕೋಟಿ ಯೂರೋ ಸಿಕ್ಕಿತು. ಆದರೆ ಬ್ರಿಟನ್ನಿನ ಸರಾಸರಿ ಕೆಳಗೆ ಬಿದ್ದದ್ದೇ ಸ್ಕಾಟ್ಲೆಂಡಿನಿಂದ. ಅಲ್ಲಿ ಬೋಳುಗುಡ್ಡಗಳ ವಿಸ್ತಾರ ಜಾಸ್ತಿ, ಹೆಕ್ಟೇರಿಗೆ ಸುಮಾರು 130 ಯೂರೋ ಅಷ್ಟೇ ಸಿಗುತ್ತಿತ್ತು. ಸ್ಕಾಟ್ಲೆಂಡ್ ಇಲ್ಲದಿದ್ದರೆ ಬ್ರಿಟನ್ನಿಗೆ ಈ ಹಣದ ಅರ್ಹತೆಯೇ ಬರುತ್ತಿರಲಿಲ್ಲ.

2013ರ ನವೆಂಬರ್‌ನಲ್ಲಿ ಲಂಡನ್ ಸರ್ಕಾರದ ಆಗಿನ ಪರಿಸರ ಸಚಿವ ಓವನ್ ಪ್ಯಾಟರ್ಸನ್ ಈ ಹೆಚ್ಚುವರಿ ಹಣವನ್ನೂ ಹಳೆಯ ಅನುಪಾತದಲ್ಲೇ ಹಂಚಿದರು. ಸ್ಕಾಟ್ಲೆಂಡಿಗೆ ಬಂದದ್ದು ಸುಮಾರು ಶೇ. 16. ಬಡವನ ಹೆಸರು ತೋರಿಸಿ ಪಡಿತರ ತಂದು ಇಡೀ ಬೀದಿಗೆ ಹಂಚಿದ ಹಾಗೆ!

ಹಾಗಾದರೆ ಕೋರ್ಟಿಗೆ ಯಾಕೆ ಹೋಗಲಿಲ್ಲ? ಸ್ಕಾಟ್ಲೆಂಡ್ ಸರ್ಕಾರದ ಮನಸ್ಸಿನಲ್ಲಿ ಏನಿತ್ತು ಅಂತ ನಾನು ಹೇಳಲಾರೆ. ವಕೀಲಳಾಗಿ ನೋಡಿದರೆ ಹಿಡಿಯೋಕೆ ಗಟ್ಟಿ ಕೊಂಡಿ ಕಾಣುವುದಿಲ್ಲ. ಕೊರತೆ ಅಳೆದದ್ದು ದೇಶದ ಮಟ್ಟದಲ್ಲಿ, ಹಣ ಕೊಟ್ಟದ್ದೂ ದೇಶಕ್ಕೆ. "ಕಾರಣವಾದ ಪ್ರದೇಶಕ್ಕೇ ಕೊಡಬೇಕು" ಅನ್ನುವ ಸಾಲು ನಿಯಮದಲ್ಲಿ ಇರಲಿಲ್ಲ. ನ್ಯಾಯ ಇತ್ತು, ಕಾನೂನಿನ ಹಕ್ಕು ಇರಲಿಲ್ಲ.

ರೈತ ಸಂಘಟನೆಗಳು ಮತ್ತು ಎಲ್ಲ ಪಕ್ಷದವರು ವರ್ಷಗಟ್ಟಲೆ ಬೆನ್ನು ಬಿಡಲಿಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಲಂಡನ್ ಸರ್ಕಾರ 16 ಕೋಟಿ ಪೌಂಡ್ ಕೊಡಲು ಒಪ್ಪಿತು. ಅದೇ ಹೊತ್ತಿಗೆ, ಈ ಹಂಚಿಕೆಯನ್ನು ಪರಿಶೀಲಿಸುತ್ತಿದ್ದ ಲಾರ್ಡ್ ಬ್ಯೂ ಅವರ ಸಮಿತಿಯ ವರದಿ ಬಂತು. ಅದರಂತೆ ಮುಂದಿನ ಎರಡು ವರ್ಷಕ್ಕೆ ಸ್ಕಾಟ್ಲೆಂಡಿಗೆ 5.14 ಕೋಟಿ ಪೌಂಡ್, ವೇಲ್ಸ್‌ಗೆ 52 ಲಕ್ಷ ಪೌಂಡ್ ಹೆಚ್ಚುವರಿ ಸಿಕ್ಕಿತು.

ಪ್ರಶ್ನೆ: ಸರ್ಕಾರಕ್ಕೆ ಕೊಂಡಿ ಇಲ್ಲ ಅಂದರೆ ರೈತನೇ ನೇರವಾಗಿ "ಪಕ್ಕದ ಪ್ರದೇಶದವನಿಗೆ ಒಂದು, ನನಗೆ ಒಂದು, ಇದು ತಾರತಮ್ಯ" ಅನ್ನಬಹುದಲ್ವಾ? ಒಕ್ಕೂಟದ ಒಪ್ಪಂದದಲ್ಲೇ ರೈತರ ನಡುವೆ ಭೇದ ಮಾಡಬಾರದು ಅಂತ ಇದೆಯಲ್ಲ.

ಉತ್ತರ: ಒಳ್ಳೆ ಪ್ರಶ್ನೆ. ಇದನ್ನು ಕೇಳಿ ಸೋತವರು ಇದ್ದಾರೆ. ಹೋರ್ವಾತ್ ಕೇಸ್, ಯುರೋಪಿನ ನ್ಯಾಯಾಲಯ, ಜುಲೈ 2009.

ಇಂಗ್ಲೆಂಡಿನಲ್ಲಿ ಸಹಾಯಧನ ಬೇಕಾದರೆ ಹೊಲದ ಮೂಲಕ ಹೋಗುವ ಸಾರ್ವಜನಿಕ ಕಾಲುದಾರಿಗಳನ್ನು ತೆರವಾಗಿ ಇಡಬೇಕು ಅಂತ ಷರತ್ತಿತ್ತು. ತಪ್ಪಿದರೆ ಹಣ ಕಡಿತ. ವೇಲ್ಸ್, ಸ್ಕಾಟ್ಲೆಂಡ್, ಉತ್ತರ ಐರ್ಲೆಂಡ್‌ಗಳಲ್ಲಿ ಸಹಾಯಧನಕ್ಕೆ ಈ ಷರತ್ತನ್ನು ಹಾಗೆ ಕಟ್ಟಿರಲಿಲ್ಲ. ಇಂಗ್ಲೆಂಡಿನ ರೈತರೊಬ್ಬರು ಇದು ತಾರತಮ್ಯ ಅಂದರು. ನ್ಯಾಯಾಲಯ ಒಪ್ಪಲಿಲ್ಲ. ದೇಶದ ಸಂವಿಧಾನ ವ್ಯವಸ್ಥೆ ಅಧಿಕಾರವನ್ನು ಪ್ರಾದೇಶಿಕ ಸರ್ಕಾರಗಳಿಗೆ ಹಂಚಿದೆ. ಅವು ತಮ್ಮ ತಮ್ಮ ನಿಯಮ ಮಾಡಿದಾಗ ವ್ಯತ್ಯಾಸ ಬಂದೇ ಬರುತ್ತದೆ. ಒಕ್ಕೂಟದ ಕಾನೂನಿಗೆ ಒಪ್ಪುವಂತಿದ್ದರೆ ಆ ವ್ಯತ್ಯಾಸವೊಂದನ್ನೇ ತಾರತಮ್ಯ ಅನ್ನಲಾಗದು, ಅಂತ ತೀರ್ಪು.

ವೇಲ್ಸ್ ರೈತರು ಗೆದ್ದದ್ದಕ್ಕೆ ಇದನ್ನು ಹೋಲಿಸಿ. ಅಲ್ಲಿ ಒಂದೇ ಸರ್ಕಾರ ತನ್ನದೇ ರೈತರ ನಡುವೆ ಗೆರೆ ಎಳೆದಿತ್ತು. ಇಲ್ಲಿ ಎರಡು ಬೇರೆ ಸರ್ಕಾರಗಳು ಬೇರೆ ಬೇರೆ ನಿಯಮ ಮಾಡಿದ್ದವು.

ಇನ್ನೊಂದು ಸೋಲು ರೋದರಮ್ ಮುಂತಾದ ನಗರಸಭೆಗಳದ್ದು, 2015ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್. ಅದು ಕೃಷಿ ಹಣ ಅಲ್ಲ, ಪ್ರಾದೇಶಿಕ ಅಭಿವೃದ್ಧಿ ನಿಧಿ ಮತ್ತು ಸಾಮಾಜಿಕ ನಿಧಿ. ಆದರೆ ತಕರಾರು ಇದೇ: ಲಿವರ್‌ಪೂಲ್ ಮತ್ತು ದಕ್ಷಿಣ ಯಾರ್ಕ್‌ಷೈರ್‌ಗೆ ಪಾಲು ಕಡಿಮೆ. ಏಳು ನ್ಯಾಯಮೂರ್ತಿಗಳಲ್ಲಿ ನಾಲ್ವರು ಸರ್ಕಾರದ ಪರ, ಮೂವರು ವಿರುದ್ಧ. ಇಂಥ ಹಂಚಿಕೆಯಲ್ಲಿ ಸರ್ಕಾರಕ್ಕೆ ವಿಶಾಲ ವಿವೇಚನೆ ಇದೆ, ಕೋರ್ಟು ಸುಲಭವಾಗಿ ಕೈ ಹಾಕಬಾರದು ಅಂತ ಬಹುಮತ. 4–3 ಅನ್ನುವುದನ್ನು ಮಾತ್ರ ಮರೆಯಬೇಡಿ. ಆ ಮೂವರ ಅಭಿಪ್ರಾಯವನ್ನೂ ಓದಿ, ನಿಮ್ಮ ಪ್ರಬಂಧಕ್ಕೆ ಅಲ್ಲೇ ಸರಕು ಸಿಗುತ್ತದೆ.

ಪ್ರಶ್ನೆ: ನಮ್ಮ ಕರ್ನಾಟಕ 2024ರಲ್ಲಿ ಬರ ಪರಿಹಾರಕ್ಕೆ ಕೇಂದ್ರದ ವಿರುದ್ಧ ನೇರ ಸುಪ್ರೀಂ ಕೋರ್ಟಿಗೆ ಹೋಯಿತಲ್ಲ ಮೇಡಂ. ಹಾಗೆ ಅಲ್ಲಿನ ಪ್ರದೇಶಗಳು ಯುರೋಪಿನ ನ್ಯಾಯಾಲಯಕ್ಕೆ ಹೋಗೋಕೆ ಆಗಲ್ವಾ?

ಉತ್ತರ: ಬಾಗಿಲು ಇದೆ, ತುಂಬಾ ಕಿರಿದು. ಒಪ್ಪಂದದ 263ನೇ ವಿಧಿಯಲ್ಲಿ ಸದಸ್ಯ ದೇಶಗಳು ನೇರ ಹೋಗಬಹುದು. ಪ್ರದೇಶ ಎಷ್ಟೇ ದೊಡ್ಡದಿರಲಿ, ಸಾಮಾನ್ಯ ಅರ್ಜಿದಾರನ ಸಾಲಿನಲ್ಲಿ ನಿಲ್ಲಬೇಕು. ಆ ತೀರ್ಮಾನ ತನ್ನನ್ನು ನೇರವಾಗಿ ತಟ್ಟುತ್ತದೆ ಅಂತ ಸಾಬೀತು ಮಾಡಬೇಕು. ಸಿಸಿಲಿಯ ಪ್ರಾದೇಶಿಕ ಸರ್ಕಾರ ಒಂದು ಅಣೆಕಟ್ಟಿನ ಹಣ ರದ್ದಾದಾಗ ಹೀಗೇ ಹೋಗಿ 2007ರಲ್ಲಿ ಬರಿಗೈಯಲ್ಲಿ ವಾಪಸಾಯಿತು. ಯುರೋಪಿಯನ್ ಆಯೋಗದ (ಒಕ್ಕೂಟದ ಆಡಳಿತ ನಡೆಸುವ ಅಂಗ) ಆದೇಶ ಇಟಲಿಗೆ, ಸಿಸಿಲಿಗಲ್ಲ ಅಂತ ಉತ್ತರ. ಜೊತೆಗೆ ಗಡುವು ಎರಡೇ ತಿಂಗಳು.

ದೇಶವೇ ಹೋದರೂ ಗೆಲುವು ಖಾತ್ರಿ ಅಲ್ಲ ಬಿಡಿ. 2004ರಲ್ಲಿ ಸೇರಿದ ದೇಶಗಳ ರೈತರಿಗೆ ಮೊದಲ ವರ್ಷ ಹಳೆಯ ಸದಸ್ಯ ದೇಶಗಳ ಮಟ್ಟದ ಶೇ. 25ರಷ್ಟು ನೇರ ಹಣ ಕೊಟ್ಟು ಆಮೇಲೆ ಮೆಲ್ಲಗೆ ಏರಿಸುವ ಏರ್ಪಾಡಿತ್ತು. ಅದನ್ನು ಹೊಸ ರೀತಿಯ ಸಹಾಯಧನಕ್ಕೂ ಹಚ್ಚಿದ್ದನ್ನು ಪೋಲೆಂಡ್ ಪ್ರಶ್ನಿಸಿತು, 2007ರಲ್ಲಿ ಸೋತಿತು.

ಹಾಗಾಗಿ ಪ್ರದೇಶಗಳು ತಮ್ಮ ದೇಶದ ಕೋರ್ಟಿಗೇ ಹೋಗುತ್ತವೆ. ಸ್ಪೇನ್‌ನಲ್ಲಿ ಸಾಂವಿಧಾನಿಕ ನ್ಯಾಯಾಲಯದ 1992ರ 79ನೇ ತೀರ್ಪು ನೋಡಿ. ದುಡ್ಡು ಯುರೋಪಿನದು ಅನ್ನುವ ಕಾರಣಕ್ಕೆ ಮ್ಯಾಡ್ರಿಡ್‌ನ ಕೇಂದ್ರ ಸರ್ಕಾರಕ್ಕೆ ಹೊಸ ಅಧಿಕಾರ ಹುಟ್ಟುವುದಿಲ್ಲ, ಕೃಷಿ ಪ್ರದೇಶಗಳ ಅಧಿಕಾರವಾಗಿದ್ದರೆ ಆ ಹಣದ ಆಡಳಿತವೂ ಮೂಲತಃ ಅವುಗಳದ್ದೇ, ಅನ್ನುವುದು ಅದರ ಸಾರ.

ಪ್ರಶ್ನೆ: "ತೀರ್ಮಾನ ತೆಗೆದುಕೊಂಡ ರೀತಿ ತಪ್ಪು" ಅಂತ ಗೆದ್ದವರು ಇದ್ದಾರೆ ಅಂದಿರಿ. ಅದರ ಉದಾಹರಣೆ ಹೇಳಲಿಲ್ಲ ಮೇಡಂ.

ಉತ್ತರ: ಹೌದಲ್ಲ, ಬಾಕಿ ಇತ್ತು. ಉತ್ತರ ಐರ್ಲೆಂಡ್, ಡಿಸೆಂಬರ್ 2013. ಅಲ್ಲಿ ಒಬ್ಬ ಮಂತ್ರಿ ತನ್ನದೇ ಸಂಪುಟದ ಇನ್ನೊಬ್ಬ ಮಂತ್ರಿಯ ಮೇಲೆ ಕೇಸ್ ಹಾಕಿದರು!

ಅಲ್ಲಿನ ಸಂಪುಟದಲ್ಲಿ ಎದುರಾಳಿ ಪಕ್ಷಗಳು ಒಟ್ಟಿಗೆ ಕೂರಲೇಬೇಕು. ಕೃಷಿ ಸಚಿವೆ ಐರ್ಲೆಂಡ್ ಒಂದಾಗಬೇಕು ಅನ್ನುವ ಶಿನ್ ಫೇನ್ ಪಕ್ಷದ ಮಿಶೆಲ್ ಓನೀಲ್, ಹಣಕಾಸು ಸಚಿವ ಬ್ರಿಟನ್ ಜೊತೆಗೇ ಇರಬೇಕು ಅನ್ನುವ ಡಿಯುಪಿ ಪಕ್ಷದ ಸೈಮನ್ ಹ್ಯಾಮಿಲ್ಟನ್. ಮೊದಲ ಪಿಲ್ಲರಿನ ಹಣದಲ್ಲಿ ಶೇ. 7 ತೆಗೆದು ಎರಡನೆಯದಕ್ಕೆ ಹಾಕುತ್ತೇನೆ ಅಂತ ಓನೀಲ್ ತೀರ್ಮಾನಿಸಿದರು. ಇಂಥ ವಿವಾದದ, ಹಲವು ಇಲಾಖೆಗೆ ತಟ್ಟುವ ತೀರ್ಮಾನ ಇಡೀ ಸಂಪುಟದ ಮುಂದೆ ಬರಬೇಕಿತ್ತು ಅಂತ ಹ್ಯಾಮಿಲ್ಟನ್ ಬೆಲ್‌ಫಾಸ್ಟ್ ಹೈಕೋರ್ಟಿಗೆ ಹೋದರು. ತೀರ್ಮಾನ ರದ್ದಾಯಿತು. ಶೇ. 7 ಸರಿಯೋ ತಪ್ಪೋ ಅನ್ನುವ ಗೋಜಿಗೇ ಕೋರ್ಟು ಹೋಗಬೇಕಾಗಲಿಲ್ಲ.

ಬ್ರಸೆಲ್ಸ್‌ಗೆ ತಿಳಿಸಲು ಗಡುವು ಡಿಸೆಂಬರ್ 31. ಅಷ್ಟರಲ್ಲಿ ಸಂಪುಟ ಒಮ್ಮತಕ್ಕೆ ಬರಲಿಲ್ಲ. ಉತ್ತರ ಐರ್ಲೆಂಡಿನ ವರ್ಗಾವಣೆ ಸೊನ್ನೆ ಅಂತಲೇ ಉಳಿಯಿತು. ವೇಲ್ಸ್ ಆಗ ಶೇ. 15 ವರ್ಗಾಯಿಸಿತ್ತು, ಇಂಗ್ಲೆಂಡ್ ಶೇ. 12. ಗಡುವು ಹತ್ತಿರ ಇದ್ದಾಗ ಕ್ರಮದ ಒಂದು ಲೋಪ ಹಿಡಿದರೆ ಹಂಚಿಕೆಯೇ ಬದಲಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ.

ಪ್ರಶ್ನೆ: ತುಂಬಾ ಥ್ಯಾಂಕ್ಸ್ ಮೇಡಂ. ಕೊನೆಯದು. ಬ್ರಿಟನ್ ಹೊರಗೆ ಬಂದಾಯಿತು. ಇದೆಲ್ಲ ಈಗ ಬರೀ ಇತಿಹಾಸವಾ?

ಉತ್ತರ: ಬ್ರಿಟನ್ನಿನ ಮಟ್ಟಿಗೆ ಅರ್ಧ ಇತಿಹಾಸ. ಒಕ್ಕೂಟದ ನಿಯಮ ಹೋಯಿತು, ಹಂಚಿಕೆ ಜಗಳ ಹೋಗಿಲ್ಲ. 2024ರ ಅಕ್ಟೋಬರ್ ಬಜೆಟ್‌ನಲ್ಲಿ ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳ ಕೃಷಿ ಹಣಕ್ಕಿದ್ದ ಪ್ರತ್ಯೇಕ ಮೀಸಲು ತೆಗೆದು ಒಟ್ಟು ಅನುದಾನಕ್ಕೆ ಸೇರಿಸಿದರು. ಇನ್ನು ಕೃಷಿಗೆ ಎಷ್ಟು, ಆಸ್ಪತ್ರೆಗೆ ಎಷ್ಟು ಅಂತ ಅಲ್ಲಲ್ಲೇ ಕಿತ್ತಾಡಬೇಕು.

ಒಕ್ಕೂಟದ ಒಳಗೆ ಮಾತ್ರ ಇದು ಜಾಸ್ತಿ ಆಗುವ ಲಕ್ಷಣ ಇದೆ. 2028ರಿಂದ ಶುರುವಾಗುವ ಅವಧಿಗೆ ಕೃಷಿ ಹಣವನ್ನೂ ಪ್ರಾದೇಶಿಕ ಅಭಿವೃದ್ಧಿ ಹಣವನ್ನೂ ದೇಶಕ್ಕೊಂದು ಯೋಜನೆಯಲ್ಲಿ ಸೇರಿಸೋಣ ಅಂತ ಆಯೋಗ 2025ರ ಜುಲೈನಲ್ಲಿ ಪ್ರಸ್ತಾಪ ಇಟ್ಟಿತು. ರೈತ ಸಂಘಟನೆಗಳೂ ಪ್ರದೇಶಗಳೂ ತಕ್ಷಣ ವಿರೋಧಿಸಿದವು. ದೇಶದ ರಾಜಧಾನಿಯ ಕೈಯಲ್ಲಿ ಹೆಚ್ಚು ಬಿಟ್ಟಷ್ಟೂ ಒಳಗಿನ ಕೇಸ್‌ಗಳು ಹೆಚ್ಚುತ್ತವೆ ಅಂತ ನನ್ನ ಅಂದಾಜು.

ಪ್ರಬಂಧಕ್ಕೆ ಮೊದಲು ಹೋರ್ವಾತ್ ಓದಿ, ಆಮೇಲೆ ರೋದರಮ್. ವೇಲ್ಸ್‌ನ ಕೇಸ್‌ಗೆ ಉದ್ದನೆಯ ತೀರ್ಪು ಹುಡುಕಬೇಡಿ, ಸರ್ಕಾರವೇ ಒಪ್ಪಿಕೊಂಡದ್ದು ಅಲ್ವಾ. 2014–15ರ ಸರ್ಕಾರದ ಹೇಳಿಕೆಗಳನ್ನೂ ಸಮಾಲೋಚನೆಯ ಕಡತಗಳನ್ನೂ ನೋಡಿ. ಕರಡು ಆದಮೇಲೆ ಇಲ್ಲೇ ಹಾಕಿ, ಬಿಡುವು ಮಾಡಿಕೊಂಡು ಓದುತ್ತೇನೆ.