ದುಡ್ಡು ಕೊಟ್ಟ ಗೇಮ್ ಮಳೆಗಾಲದಲ್ಲಿ ಯಾಕೆ ತೆರೆಯಲ್ಲ? (ಪ್ರಶ್ನೋತ್ತರ)

ಈ ವಾರ ಗುಂಪಿನ ಪ್ರಶ್ನೆಗಳಿಗೆ ಉತ್ತರಿಸಿದವರು ಕೊಡಗಿನ ಗೋಣಿಕೊಪ್ಪದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಸದಸ್ಯರು.

ಪ್ರಶ್ನೆ (ನಾಪೋಕ್ಲು): ಸರ್, ಮಗ ಮಂಗಳೂರಲ್ಲಿ ಓದ್ತಾ ಇದ್ದಾನೆ, ರಜೆಗೆ ಲ್ಯಾಪ್‌ಟಾಪ್ ತಂದಿದ್ದಾನೆ. ಇಲ್ಲಿ ಗಾಳಿ ಮಳೆ ಶುರುವಾದ್ರೆ ಮರ ಬಿದ್ದು ಲೈನ್ ಹೋಗತ್ತೆ, ಹಿಂದೆನೇ ಮೊಬೈಲ್ ರೇಂಜೂ ಹೋಗತ್ತೆ. ಇನ್ವರ್ಟರ್‌ನಲ್ಲಿ ಚಾರ್ಜ್ ಮಾಡ್ಕೊಂಡು ಕೂತ್ರೆ ಗೇಮ್ ತೆರೆಯಲ್ಲ, ನೆಟ್ ಬೇಕು ಅನ್ನತ್ತೆ. ಒಬ್ಬನೇ ಆಡೋ ಗೇಮ್ ಅದು. ದುಡ್ಡು ಕೊಟ್ಟಾಗಿದೆ, ಪೂರ್ತಿ ಡೌನ್‌ಲೋಡೂ ಆಗಿದೆ. ಮತ್ತೆ ನೆಟ್ ಯಾಕೆ?

ಉತ್ತರ: ಅಕ್ಕಾ, ನಿಮ್ಮ ಸಿಟ್ಟು ನ್ಯಾಯವಾದದ್ದು. ಮೊದಲು ಒಳಗೆ ಏನಾಗ್ತದೆ ಅಂತ ಹೇಳ್ತೇನೆ, ಆಮೇಲೆ ಏನು ಮಾಡಬೇಕು ಅಂತ.

ಗೇಮ್ ಮೊದಲ ಸಲ ತೆರೆದಾಗ ಅದರೊಳಗಿನ ಒಂದು ಸಣ್ಣ ಪ್ರೋಗ್ರಾಂ ಲ್ಯಾಪ್‌ಟಾಪಿನ ಗುರುತು ಹಿಡಿಯುತ್ತದೆ. ಯಾವ ಪ್ರೊಸೆಸರ್, ಯಾವ ವಿಂಡೋಸ್, ಇಂಥವೆಲ್ಲ ಸೇರಿಸಿ ಒಂದು ಸಂಖ್ಯೆ ಮಾಡಿ, ಅಕೌಂಟ್ ಹೆಸರಿನ ಜೊತೆ ಕಂಪನಿಯ ಸರ್ವರಿಗೆ ಕಳಿಸುತ್ತದೆ. ದುಡ್ಡು ಕೊಟ್ಟದ್ದು ಹೌದು ಅಂತ ಕಂಡರೆ ಸರ್ವರ್ ಒಂದು ಅನುಮತಿ ಫೈಲ್ ವಾಪಸ್ ಕಳಿಸುತ್ತದೆ. ಅದೇ ಆಕ್ಟಿವೇಶನ್. ಮುಂದೆ ಪ್ರತಿ ಸಲ ತೆರೆದಾಗಲೂ ಗೇಮ್ ಆ ಫೈಲನ್ನೂ ಮೆಷಿನ್ನನ್ನೂ ತಾಳೆ ನೋಡುತ್ತದೆ. ತಾಳೆಯಾದರೆ ನೆಟ್ ಇಲ್ಲದೆಯೂ ಓಡಬೇಕು. ವಿಂಡೋಸ್ ದೊಡ್ಡ ಅಪ್‌ಡೇಟ್ ಆಗಿ ಗುರುತು ಬದಲಾದರೆ, ಗೇಮಿಗೇ ಹೊಸ ಅಪ್‌ಡೇಟ್ ಬಂದು ಅರ್ಧಕ್ಕೆ ನಿಂತಿದ್ದರೆ, ಇಲ್ಲವೇ ಅನುಮತಿಯ ಅವಧಿ ಮುಗಿದಿದ್ದರೆ ಮತ್ತೆ ಸರ್ವರನ್ನೇ ಕೇಳುತ್ತದೆ. ಆ ಹೊತ್ತಿಗೆ ನಮ್ಮಲ್ಲಿ ರೇಂಜ್ ಇರುವುದಿಲ್ಲ.

ಮಗ ಯಾವ ಸ್ಟೋರಿನಲ್ಲಿ ತಗೊಂಡದ್ದು ಅಂತ ನೀವು ಬರೆದಿಲ್ಲ. ಇಲ್ಲಿ ಹೆಚ್ಚಿನವರು ಬಳಸುವುದು ಸ್ಟೀಮ್, ಹಾಗಾಗಿ ಅದನ್ನೇ ಹೇಳ್ತೇನೆ. ನೆಟ್ ಇರುವ ದಿನ ಲಾಗಿನ್ ಆಗಿ ಎಲ್ಲ ಅಪ್‌ಡೇಟ್ ಮುಗಿಯುವವರೆಗೆ ಬಿಡಲಿ. ಆಮೇಲೆ ಪ್ರತಿ ಗೇಮನ್ನೂ ಒಂದೊಂದು ಸಲ ತೆರೆದು ಆಟದ ಒಳಗಿನವರೆಗೆ ಹೋಗಿ ಹೊರಗೆ ಬರಲಿ. ಇದನ್ನು ಬಿಟ್ಟವರೇ ಮಳೆ ಹಿಡಿದ ಮೇಲೆ ನನಗೆ ಫೋನ್ ಮಾಡುವುದು, ಯಾಕೆಂದರೆ ಡೌನ್‌ಲೋಡ್ ಆದ ಮಾತ್ರಕ್ಕೆ ಅನುಮತಿ ಬಂದಿರುವುದಿಲ್ಲ. ಆಮೇಲೆ ಸ್ಟೀಮ್ ಮೆನುವಿನಲ್ಲೇ ಆಫ್‌ಲೈನ್ ಮೋಡಿಗೆ ಹಾಕಿ, ವೈಫೈ ಕೈಯಾರೆ ಆಫ್ ಮಾಡಿ ಇನ್ನೊಮ್ಮೆ ತೆರೆದು ನೋಡಲಿ. ಓಡಿದರೆ ಸರಿ. ಕೆಲವು ಗೇಮ್ ಸ್ಟೀಮಿನಲ್ಲಿ ಕೊಂಡರೂ ತೆರೆಯುವಾಗ ಯೂಬಿಸಾಫ್ಟ್, ಇಎ ಥರದ ಗೇಮ್ ಕಂಪನಿಯ ಇನ್ನೊಂದು ಲಾಂಚರ್, ಅಂದರೆ ಗೇಮ್ ತೆರೆಯುವ ಪ್ರೋಗ್ರಾಂ, ಎಬ್ಬಿಸುತ್ತವೆ. ಅಲ್ಲಿಯೂ ಬೇರೆಯಾಗಿ ಲಾಗಿನ್ ಆಗಿ ಆಫ್‌ಲೈನ್ ಮಾಡಿಕೊಳ್ಳಬೇಕು.

ಹೀಗೆಲ್ಲ ಮಾಡಿದರೂ ಸದಾ ಸರ್ವರಿಗೆ ಅಂಟಿಕೊಂಡೇ ಓಡುವಂತೆ ಕಟ್ಟಿದ ಗೇಮ್ ಆಗಿದ್ದರೆ ಏನೂ ಮಾಡಲಾಗದು. 2010ರ ಮಾರ್ಚ್‌ನಲ್ಲಿ ಯೂಬಿಸಾಫ್ಟ್ ಕಂಪನಿ ‘ಅಸಾಸಿನ್ಸ್ ಕ್ರೀಡ್ 2’ರ ಪಿಸಿ ಆವೃತ್ತಿಯನ್ನು ಹೀಗೇ ಬಿಟ್ಟಿತ್ತು. ಸರ್ವರ್ ಮೇಲೆ ದಾಳಿಯಾಗಿ, ದುಡ್ಡು ಕೊಟ್ಟವರೇ ಆಡಲಾಗದೆ ಕೂತರು.

ಪ್ರಶ್ನೆ (ಸುಂಟಿಕೊಪ್ಪ): ಅಣ್ಣಾ, ನಂದು ಹಳೆ ಡೆಸ್ಕ್‌ಟಾಪ್. ಕರೆಂಟು ಹೋಗಿ ಬಂದ್ರೆ ನೆಟ್ ಇದ್ರೂ ಲಾಗಿನ್ ಆಗಲ್ಲ. ಪಾಸ್‌ವರ್ಡ್ ಸರಿ ಇದೆ.

ಉತ್ತರ: ಸ್ಕ್ರೀನಿನ ಮೂಲೆಯಲ್ಲಿ ತಾರೀಕು ನೋಡು ತಮ್ಮಾ. ಎಷ್ಟೋ ವರ್ಷ ಹಿಂದಕ್ಕೆ ಹೋಗಿದ್ದರೆ ಮದರ್‌ಬೋರ್ಡ್ ಮೇಲಿನ ನಾಣ್ಯದಂಥ ಸೆಲ್ ಸತ್ತಿದೆ. ಸಿಆರ್2032 ಅಂತ ಕೇಳು, ಅಂಗಡಿಗಳಲ್ಲಿ ಸಿಗುತ್ತದೆ. ತಾರೀಕು ತಪ್ಪಿದ್ದರೆ ಸರ್ವರಿನ ಭದ್ರತಾ ಪ್ರಮಾಣಪತ್ರ ಚಾಲ್ತಿಯಲ್ಲಿಲ್ಲ ಅಂತಲೇ ನಿನ್ನ ಸಿಸ್ಟಂ ತಿಳಿಯುತ್ತದೆ, ಮಾತುಕತೆ ಅಲ್ಲಿಗೇ ನಿಲ್ಲುತ್ತದೆ. ಸೆಲ್ ತೆಗೆದಾಗ ಅದು ಕೂರುವ ಜಾಗದಲ್ಲಿ ಹಸಿರು ಕಿಲುಬು ಕಂಡರೆ ಒಣ ಬ್ರಷ್‌ನಿಂದ ಉಜ್ಜಿ ತೆಗೆ. ಕಿಲುಬಿನ ಮೇಲೆಯೇ ಹೊಸ ಸೆಲ್ ಹಾಕಿದರೆ ಮತ್ತೆ ಅದೇ ಕಥೆ.

ಪ್ರಶ್ನೆ (ಸೋಮವಾರಪೇಟೆ): ನನ್ನ ಹತ್ತಿರ 2005ರ ಸುಮಾರಿಗೆ ಕೊಂಡ ಒರಿಜಿನಲ್ ಡಿಸ್ಕ್‌ಗಳಿವೆ, ಪೆಟ್ಟಿಗೆ ಸಮೇತ. ವಿಂಡೋಸ್ 10ಕ್ಕೆ ಹಾಕಿದರೆ ಇನ್‌ಸ್ಟಾಲ್ ಆಗುತ್ತದೆ, ತೆರೆಯುವುದಿಲ್ಲ. ಅದಕ್ಕೆ ಆಕ್ಟಿವೇಶನ್ ಇರಲೇ ಇಲ್ಲವಲ್ಲ?

ಉತ್ತರ: ಸರ್, ಇಂಥ ಡಿಸ್ಕ್ ಜೋಪಾನ ಮಾಡಿದವರನ್ನು ಕಂಡರೆ ನನಗೆ ತುಂಬ ಗೌರವ. ನಿಮ್ಮ ಡಿಸ್ಕ್‌ಗೆ ಏನೂ ಆಗಿಲ್ಲ, ತೊಂದರೆ ಅದರ ಬೀಗದ್ದು, ಅಂದರೆ ನಕಲು ತಡೆಯಲು ಕಂಪನಿ ಹಾಕಿದ ವ್ಯವಸ್ಥೆಯದ್ದು.

ಆ ಕಾಲದಲ್ಲಿ ಬೀಗ ಡಿಸ್ಕ್‌ನಲ್ಲೇ ಇರುತ್ತಿತ್ತು. ಸೇಫ್‌ಡಿಸ್ಕ್ ಅನ್ನುವ ತಂತ್ರದಲ್ಲಿ ಡಿಸ್ಕ್ ತಯಾರಿಸುವಾಗಲೇ ಓದಲಾಗದ ಕೆಲವು ಭಾಗಗಳನ್ನು ಬೇಕೆಂದೇ ಇಡುತ್ತಿದ್ದರು. ಸಾದಾ ರೈಟರಿನಲ್ಲಿ ನಕಲು ತೆಗೆದರೆ ಆ ದೋಷಗಳು ಹಾಗೇ ಬರುವುದಿಲ್ಲ, ಗೇಮಿಗೆ ನಕಲು ಅಂತ ಗೊತ್ತಾಗುತ್ತದೆ. ಸೋನಿ ಗುಂಪಿನ ಸೆಕ್ಯುರಾಮ್ ಡಿಸ್ಕ್ ಮೇಲಿನ ಮಾಹಿತಿ ಎಲ್ಲೆಲ್ಲಿ ಕೂತಿದೆ ಅಂತಲೇ ಅಳೆಯುತ್ತಿತ್ತು. ಇದನ್ನೆಲ್ಲ ಪರೀಕ್ಷಿಸಲು ಸೇಫ್‌ಡಿಸ್ಕ್ ವಿಂಡೋಸ್‌ನ ತೀರ ಒಳಪದರದಲ್ಲಿ ಡ್ರೈವರ್ ಅನ್ನುವ ಒಂದು ಪ್ರೋಗ್ರಾಂ ಕೂರಿಸುತ್ತಿತ್ತು. ಆ ಜಾಗದಲ್ಲಿ ಒಂದು ಲೋಪವಿದ್ದರೆ ವೈರಸ್‌ಗೂ ಅದೇ ದಾರಿ. ಮೈಕ್ರೋಸಾಫ್ಟ್ 2015ರಲ್ಲಿ ವಿಂಡೋಸ್ 10 ಬಿಟ್ಟಾಗ ಆ ಡ್ರೈವರನ್ನು ಒಳಗೆ ಬಿಡಲಿಲ್ಲ, ಅದೇ ಸೆಪ್ಟೆಂಬರ್‌ನಲ್ಲಿ ಹಳೆಯ ವಿಂಡೋಸ್‌ಗಳಲ್ಲೂ ಅಪ್‌ಡೇಟ್ ಕೊಟ್ಟು ನಿಲ್ಲಿಸಿತು. ಭದ್ರತೆಯ ದೃಷ್ಟಿಯಿಂದ ಸರಿಯಾದ ತೀರ್ಮಾನವೇ. ಆದರೆ ಬೀಗ ಹಾಕಿದ ಕಂಪನಿಗಳಲ್ಲಿ ಎಷ್ಟು ಮಂದಿ ಹಳೆ ಗಿರಾಕಿಗಳಿಗೆ ಬೀಗ ತೆಗೆದುಕೊಟ್ಟರು? ಬಹಳ ಕಡಿಮೆ. ನನಗೆ ಬೇಜಾರಾಗುವುದು ಅಲ್ಲಿ.

ನಿಮಗೆ ಎರಡು ದಾರಿ ಇವೆ. ಅಟ್ಟದಲ್ಲಿ ಹಳೆ ವಿಂಡೋಸ್ ಎಕ್ಸ್‌ಪಿ ಸಿಸ್ಟಂ ಇದ್ದರೆ ಗುಜರಿಗೆ ಹಾಕಬೇಡಿ. ನೆಟ್ ಕೊಡದೆ ಗೇಮಿಗಷ್ಟೇ ಇಟ್ಟುಕೊಳ್ಳಿ. ಇಲ್ಲದಿದ್ದರೆ ಅದೇ ಗೇಮ್ ಜಿಒಜಿ ಸ್ಟೋರಿನಲ್ಲಿದೆಯೇ ನೋಡಿ. 2008ರಲ್ಲಿ ಶುರುವಾದ ಸ್ಟೋರ್ ಅದು, ಹಳೆಯ ಗೇಮ್‌ಗಳನ್ನು ಈಗಿನ ವಿಂಡೋಸ್‌ಗೆ ಹೊಂದಿಸಿ, ಬೀಗವಿಲ್ಲದೆ ಮಾರುತ್ತಾರೆ. ಸೇಲ್ ಬಂದಾಗ ಕಡಿಮೆಗೆ ಸಿಗುತ್ತವೆ.

ಇನ್ನೊಂದು ಕೆಲಸ ಇವತ್ತೇ ಮಾಡಿ. ಪೆಟ್ಟಿಗೆಯ ಮೇಲೋ ಕೈಪಿಡಿಯ ಹಿಂದೆಯೋ ಅಂಟಿಸಿದ ಸೀರಿಯಲ್ ಕೀ ಚೀಟಿಯ ಫೋಟೋ ತೆಗೆದಿಡಿ. ನಮ್ಮ ತೇವಕ್ಕೆ ಮೊದಲು ಹೋಗುವುದು ಆ ಚೀಟಿಯ ಅಕ್ಷರ. ಡಿಸ್ಕ್ ಮೇಲೆ ಬೂಷ್ಟು ಬಂದಿದ್ದರೆ ಮೆತ್ತನೆ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತು ತಿರುಗಿಸಿ ಉಜ್ಜಬೇಡಿ.

ಪ್ರಶ್ನೆ (ವಿರಾಜಪೇಟೆ): ಬಾಸ್, ಡಿಸ್ಕ್ ಚೆಕ್ ತೆಗೆದುಹಾಕೋ ಕ್ರ್ಯಾಕ್ ಫೈಲ್ ನೆಟ್ಟಲ್ಲಿ ಸಿಗತ್ತಲ್ಲ? ಹೊಸ ಗೇಮೂ ಇನ್ನೂರು ಮುನ್ನೂರಕ್ಕೆ ಲೋಡ್ ಮಾಡಿಕೊಡೋರು ಇದ್ದಾರೆ.

ಉತ್ತರ: ಇದ್ದಾರೆ, ಗೊತ್ತು. ಹಾಗೆ ಲೋಡ್ ಮಾಡಿಸಿದ ಲ್ಯಾಪ್‌ಟಾಪ್‌ಗಳೇ ಆಮೇಲೆ ನನ್ನ ಟೇಬಲ್ಲಿಗೆ ಬರುವುದು. ಕ್ರ್ಯಾಕ್ ಹಾಕುವವರು ಮೊದಲು ಹೇಳುವ ಮಾತು, ಆಂಟಿವೈರಸ್ ಆಫ್ ಮಾಡಿ ಅಂತ. ಮನೆಯವರ ಬ್ಯಾಂಕ್ ಲಾಗಿನ್ನೂ ಅದೇ ಬ್ರೌಸರ್‌ನಲ್ಲಿ ಸೇವ್ ಆಗಿರುತ್ತದೆ. ಪಾಸ್‌ವರ್ಡ್ ಕದಿಯುವ ಪ್ರೋಗ್ರಾಂ ಒಳಗೆ ಬರಲು ಇದಕ್ಕಿಂತ ಸುಲಭದ ದಾರಿ ಬೇಕಾ?

ಕಾನೂನೂ ಹೇಳಿಬಿಡ್ತೇನೆ. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಸೆಕ್ಷನ್ ಪ್ರಕಾರ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಇಂಥ ಬೀಗ ಮುರಿದರೆ 2 ವರ್ಷದವರೆಗೆ ಜೈಲು, ದಂಡ ಬೇರೆ. ಕಳ್ಳ ಪ್ರತಿ ಅಂತ ಗೊತ್ತಿದ್ದೂ ಕಂಪ್ಯೂಟರ್‌ನಲ್ಲಿ ಬಳಸುವುದಕ್ಕೆ 63ಬಿ ಇದೆ. ಇದೇ ಕಾಯ್ದೆ, ನ್ಯಾಯವಾಗಿ ಕೊಂಡ ಪ್ರೋಗ್ರಾಂ ಹಾಳಾಗದಂತೆ ಬ್ಯಾಕಪ್ ಪ್ರತಿ ಇಟ್ಟುಕೊಳ್ಳಲು ಅವಕಾಶವನ್ನೂ ಕೊಡುತ್ತದೆ. ಮೇಲೆ ಕೇಳಿದ ಸೋಮವಾರಪೇಟೆಯವರನ್ನೂ ಮುನ್ನೂರಕ್ಕೆ ಲೋಡ್ ಮಾಡಿಸುವವರನ್ನೂ ನಾನು ಒಂದೇ ಸಾಲಲ್ಲಿ ನಿಲ್ಲಿಸುವುದಿಲ್ಲ.

ಬೇರೆಯವರ ಅಕೌಂಟ್ ಕೊಳ್ಳುವ ವ್ಯವಹಾರವೂ ಬೇಡ. ಅಕೌಂಟ್ ಮಾರುವುದನ್ನು ಸ್ಟೀಮ್ ಒಪ್ಪಂದ ಒಪ್ಪುವುದಿಲ್ಲ. ಮೊದಲು ಅಕೌಂಟ್ ತೆರೆದವನು ಹಳೆಯ ಪಾವತಿ ವಿವರ ತೋರಿಸಿ ವಾಪಸ್ ತಗೊಂಡರೆ ನೀವು ಯಾರನ್ನೂ ಕೇಳುವ ಹಾಗಿಲ್ಲ.

ಪ್ರಶ್ನೆ (ಕುಶಾಲನಗರ): ಸಿಡಿಲು ಬಡಿದು ಮದರ್‌ಬೋರ್ಡ್ ಹೋಯಿತು, ಹೊಸದು ಹಾಕಿಸಿದೆ. ಈಗ ಒಂದು ಹಳೆ ಗೇಮ್ ‘ಆಕ್ಟಿವೇಶನ್ ಮಿತಿ ಮುಗಿದಿದೆ’ ಅನ್ನುತ್ತಿದೆ. ಮೆಷಿನ್ ಅದೇ, ಮನೆ ಅದೇ!

ಉತ್ತರ: ನಿಮಗೆ ಅದೇ ಸರ್, ಸರ್ವರಿಗೆ ಅದು ಹೊಸ ಕಂಪ್ಯೂಟರ್. 2007, 2008ರ ಗೇಮ್‌ಗಳಲ್ಲಿ ಈ ಕಾಟ ಜಾಸ್ತಿ. ‘ಬಯೋಶಾಕ್’ 2007ರಲ್ಲಿ ಬಂದಾಗ 2 ಆಕ್ಟಿವೇಶನ್ ಮಾತ್ರ ಇತ್ತು, ಜನ ಗಲಾಟೆ ಮಾಡಿದ ಮೇಲೆ 5 ಮಾಡಿದರು, 2008ರಲ್ಲಿ ಮಿತಿಯನ್ನೇ ತೆಗೆದರು. 2008ರ ‘ಸ್ಪೋರ್’ 3ಕ್ಕೆ ಮಿತಿ ಹಾಕಿತು. ಅಮೆಜಾನ್‌ನಲ್ಲಿ ಜನ ರಾಶಿ ರಾಶಿ ಒಂದು ಸ್ಟಾರ್ ಕೊಟ್ಟರು, ಕೋರ್ಟಿಗೂ ಹೋದರು. ಇಷ್ಟಕ್ಕೂ ಬೀಗ ಮುರಿದ ‘ಸ್ಪೋರ್’ ಬಿಡುಗಡೆಗೆ ಮೊದಲೇ ನೆಟ್‌ನಲ್ಲಿ ಹರಿದಾಡುತ್ತಿತ್ತು. ಕದ್ದವರಿಗೆ ಮಿತಿ ಇಲ್ಲ, ಕೊಂಡವರಿಗೆ ಮೂರೇ ಸಲ. ಬೀಗಗಳ ಬಗ್ಗೆ ನನ್ನ ಮುಖ್ಯ ತಕರಾರು ಇದೇ.

ಪ್ರಕಾಶಕರ ಸಪೋರ್ಟಿಗೆ ಬಿಲ್, ಕೀ ಫೋಟೋ, ಮದರ್‌ಬೋರ್ಡ್ ಬದಲಿಸಿದ ರಸೀದಿ ಹಾಕಿ ಬರೆಯಿರಿ. ಆಕ್ಟಿವೇಶನ್ ಲೆಕ್ಕ ಶುರುವಿಂದ ಮಾಡಿಕೊಡಿ ಅಂತ ನೇರವಾಗಿ ಕೇಳಿ. ಮುಂದೆ ಇಂಥ ಗೇಮ್ ಇರುವ ಸಿಸ್ಟಂ ಫಾರ್ಮ್ಯಾಟ್ ಹೊಡೆಸುವ ಮೊದಲು ಡಿಆಕ್ಟಿವೇಟ್ ಮಾಡಿ, ಹಲವು ಗೇಮ್‌ಗಳಲ್ಲಿ ಆ ಆಯ್ಕೆ ಇದೆ. ಈಗಿನ ಡೆನುವೊ ಬೀಗದ ಗೇಮಿನಲ್ಲಿ ಇದೇ ಸಂದೇಶ ಬಂದರೆ ಗಾಬರಿ ಬೇಡ. ಅಲ್ಲಿ ಲೆಕ್ಕ ಸಾಮಾನ್ಯವಾಗಿ ದಿನದ್ದು, 24 ಗಂಟೆ ಬಿಟ್ಟು ತೆರೆದು ನೋಡಿ.

ಪ್ರಶ್ನೆ (ಮಡಿಕೇರಿ): ಕಂಪನಿ ಸರ್ವರ್ ಮುಚ್ಚಿಬಿಟ್ಟರೆ?

ಉತ್ತರ: ಮುಚ್ಚಿದ್ದೂ ಆಗಿದೆ. ‘ದಿ ಕ್ರೂ’ ಅನ್ನುವ ಕಾರ್ ಗೇಮಿನ ಸರ್ವರ್ 2024ರ ಮಾರ್ಚ್ 31ಕ್ಕೆ ನಿಂತಿತು. ಒಬ್ಬರೇ ಆಡುತ್ತಿದ್ದವರಿಗೂ ಗೇಮ್ ಅಲ್ಲಿಗೆ ಮುಗಿಯಿತು. ಅದರ ಬೆನ್ನಿಗೇ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಅಂತ ಚಳವಳಿ ಹುಟ್ಟಿ, 2025ರ ಜುಲೈಯಲ್ಲಿ ಯುರೋಪಿನ ಅರ್ಜಿಗೆ ಸಹಿ 10 ಲಕ್ಷ ದಾಟಿತು. ಕ್ಯಾಲಿಫೋರ್ನಿಯಾದಲ್ಲಿ 2025ರಿಂದ, ನಿಮಗೆ ಸಿಗುವುದು ಬಳಸುವ ಪರವಾನಗಿ ಅಷ್ಟೇ ಅಂತ ಸ್ಟೋರ್‌ಗಳು ಸ್ಪಷ್ಟವಾಗಿ ತಿಳಿಸಬೇಕು ಅನ್ನುವ ಕಾನೂನಿದೆ. ನಮ್ಮಲ್ಲೂ ಅಂಥದ್ದು ಬರಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ.

ಗೇಮ್ ಮಾಡುವವರ ಶ್ರಮಕ್ಕೆ ಕಾವಲು ಬೇಡ ಅಂತ ನಾನು ಹೇಳುವುದಿಲ್ಲ. ಬಿಡುಗಡೆಯಾದ ಮೊದಲ ತಿಂಗಳುಗಳಲ್ಲೇ ಹೆಚ್ಚಿನ ಮಾರಾಟ, ಆಗ ಬೀಗ ಇರಲಿ. ಆಮೇಲೆ ತೆಗೆಯಲಿ. ‘ಡೂಮ್’ 2016ರ ಮೇನಲ್ಲಿ ಬಂತು, ಡಿಸೆಂಬರ್‌ಗೆ ಡೆನುವೊ ತೆಗೆದರು. ನೆಟ್ ಇಲ್ಲದೆ ಆಗುವುದೇ ಇಲ್ಲ ಅಂತಿದ್ದ ‘ಸಿಮ್‌ಸಿಟಿ’ಗೂ 2014ರಲ್ಲಿ ಆಫ್‌ಲೈನ್ ಮೋಡ್ ಬಂತು. ಮನಸ್ಸು ಮಾಡಿದರೆ ಆಗುತ್ತದೆ.

ಪ್ರಶ್ನೆ (ಶನಿವಾರಸಂತೆ): ಸರ್, ನಮ್ಮ ಮನೇಲಿ ನೆಟ್ಟೇ ಇಲ್ಲ. ತಂಗಿಗೆ ಹುಟ್ಟುಹಬ್ಬಕ್ಕೆ ಒಂದು ಗೇಮ್ ಕೊಡಿಸ್ಬೇಕು. ಹೇಗೆ ಆರಿಸೋದು?

ಉತ್ತರ: ಸ್ಟೀಮ್‌ನಲ್ಲಿ ನೋಡುವುದಾದರೆ ಗೇಮ್ ಪುಟದ ಬಲಗಡೆ ಸಣ್ಣ ಚೌಕದಲ್ಲಿ ಡೆನುವೊ ಇದೆಯೇ, ಬೇರೆ ಅಕೌಂಟ್ ಬೇಕೇ ಅಂತ ಬರೆದಿರುತ್ತದೆ. ಅದನ್ನು ಓದದೆ ದುಡ್ಡು ಕಟ್ಟಬೇಡಿ. ನಿಮ್ಮ ಮನೆಗೆ ನಾನು ಹೇಳುವುದು ಜಿಒಜಿಯೇ. ಸೋಮವಾರಪೇಟೆಯಲ್ಲೋ ಗೆಳೆಯರ ಮನೆಯಲ್ಲೋ ನೆಟ್ ಇರುವಲ್ಲಿ ಕೂತು, ಆಫ್‌ಲೈನ್ ಇನ್‌ಸ್ಟಾಲರ್ ಅಂತ ಇರುವುದನ್ನೇ ಇಳಿಸಿಕೊಳ್ಳಿ. ದೊಡ್ಡ ಗೇಮ್ ಆದರೆ ಒಂದು ಸೆಟಪ್ ಫೈಲ್, ಜೊತೆಗೆ ಹಲವು ಬಿನ್ ಫೈಲ್ ಬರುತ್ತವೆ. ಒಂದನ್ನೂ ಬಿಡದೆ ಎಲ್ಲವನ್ನೂ ಒಂದೇ ಫೋಲ್ಡರ್‌ಗೆ ಹಾಕಿ. ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡುವಾಗ ಎಕ್ಸ್‌ಫ್ಯಾಟ್ (exFAT) ಅನ್ನುವ ಆಯ್ಕೆ ಒತ್ತಿ, ಫ್ಯಾಟ್32 (FAT32) ಆಗಿದ್ದರೆ 4 ಜಿಬಿ ದಾಟಿದ ಫೈಲ್ ಹತ್ತುವುದಿಲ್ಲ. ಮನೆಗೆ ತಂದು ಸೆಟಪ್ ಒತ್ತಿದರೆ ಆಯಿತು, ಯಾವ ಸರ್ವರನ್ನೂ ಕೇಳುವುದಿಲ್ಲ. ತಂಗಿಯ ಲ್ಯಾಪ್‌ಟಾಪಿನಲ್ಲಿ ರ್‍ಯಾಮ್ ಎಷ್ಟಿದೆ, ಗ್ರಾಫಿಕ್ಸ್ ಕಾರ್ಡ್ ಇದೆಯೇ ಅಂತ ಇಲ್ಲೇ ಬರೆಯಿರಿ, ಯಾವುದು ಓಡುತ್ತದೆ ಅಂತ ಹೇಳ್ತೇನೆ.